ಹಾಲು ಕರೆಯೋನು ಒಂದು ತಿಂಗಳು ಹಾಲು ಬಿಟ್ಟಿದ್ದು

ಒಂದೂವರೆ ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ರಾಗಿ ಒಕ್ಕಣೆ ಮುಗೀತು, ಹುಲ್ಲು ಮೆದೆ ಹಾಕಿದ್ದಾಯ್ತು, ಈಗ ಕೂತಿದೀನಿ. ಇವತ್ತು ಬೆಳೆ ವಿಚಾರ ಅಲ್ಲ, ಊಟದ ವಿಚಾರ. ಡೈರಿ ಹತ್ರ, ಮಿಲ್ಲಿನ ಹತ್ರ ಸಿಕ್ಕವರೆಲ್ಲ "ಏನಣ್ಣ, ಹಾಲು ಬಿಟ್ಟಿದೀಯಂತೆ, ಶುಗರ್ ಬಂತಾ?" ಅಂತ ಕೇಳ್ತಿದ್ರಿ. ಒಬ್ಬೊಬ್ಬರಿಗೂ ನಿಂತು ಹೇಳೋ ಬದಲು ಇಲ್ಲೇ ಪೂರ್ತಿ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಶುರುವಾಗಿದ್ದು ಸಂಕ್ರಾಂತಿ ದಿನ. ಬೆಂಗಳೂರಲ್ಲಿ ಓದ್ತಿರೋ ಮಗಳು ಹಬ್ಬಕ್ಕೆ ಬಂದಿದ್ಲು. ಸಾಯಂಕಾಲ ಊರ ಮುಂದೆ ಕಿಚ್ಚು ಹಾಕಿದ್ರು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ನಲವತ್ತು ಜೊತೆ ಎತ್ತು ಕಿಚ್ಚು ಹಾಯ್ತಿದ್ವು. ನಮ್ಮಪ್ಪನ ಹಳ್ಳಿಕಾರ್ ಜೊತೆ ಯಾವಾಗಲೂ ಮುಂದೆ. ಈ ಸಲ ಎಣಿಸಿದೆ, ಎತ್ತು ಎರಡೇ ಜೊತೆ. ಉಳಿದಿದ್ದೆಲ್ಲ ಸೀಮೆ ಹಸು, ಅವನ್ನ ಬೆಂಕಿ ಹತ್ರಕ್ಕೂ ಬಿಡದೆ ಹಗ್ಗ ಹಿಡ್ಕೊಂಡು ಪಕ್ಕದಲ್ಲಿ ಸುತ್ತು ಹಾಕಿಸಿದ್ವಿ. ನೋಡ್ತಾ ನಿಂತಿದ್ದ ಮಗಳು ಕೇಳಿದ್ಲು, "ಅಪ್ಪ, ಆಷಾಢದಲ್ಲಿ ಲಕ್ಷ್ಮಿ ಹಾಕಿದ್ದು ಗಂಡು ಕರು ಅಲ್ವಾ? ಅದೆಲ್ಲಿ?"

"ಕೊಟ್ಬಿಟ್ಟೆ."

"ಯಾರಿಗೆ?"

"ಸಂತೆಗೆ ಓಡಾಡ್ತಾನಲ್ಲ, ಅವನಿಗೆ."

"ಅವನು ಅದನ್ನೇನು ಮಾಡ್ತಾನೆ?"

ನಾನು ಬಾಯಿ ಬಿಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು, ನಿಮಗೂ ಗೊತ್ತು. ಕೊಟ್ಟಿದ್ದು ಐನೂರು ರೂಪಾಯಿಗೆ, ಅದೂ ಕರು ಹದಿನೈದು ದಿನದ್ದಿದ್ದಾಗ.

ರಾತ್ರಿ ಊಟಕ್ಕೆ ಕೂತಾಗ ಅವಳು ಮೊಸರು ಬೇಡ ಅಂದ್ಲು. ಹಾಸ್ಟೆಲಿನಲ್ಲಿ ಜೊತೆ ಹುಡುಗಿ ವೀಗನ್ ಅಂತೆ. ಮಾಂಸ, ಮೊಟ್ಟೆ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪ ಯಾವುದೂ ಮುಟ್ಟೋದಿಲ್ಲ. ಇವಳೂ ಒಂದು ತಿಂಗಳಿಂದ ಹಂಗೇ ಇದ್ಲಂತೆ. ಆ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1944ರಲ್ಲಿ ಅಂತ ಫೋನಲ್ಲಿ ತೋರಿಸಿದ್ಲು. ನನಗೆ ಸಿಟ್ಟು ಬಂತು. "ಹಾಲು ಮಾರಿದ ದುಡ್ಡಲ್ಲೇ ನಿನ್ನ ಫೀಸು ಕಟ್ಟಿರೋದು" ಅಂದೆ. ಅವಳು ತಣ್ಣಗೆ, "ಅದಕ್ಕೇ ಕೇಳ್ತಿದೀನಿ ಅಪ್ಪ. ನೀನೂ ಒಂದು ತಿಂಗಳು ಮಾಡಿ ನೋಡು, ಆಮೇಲೆ ಬೈ" ಅಂದ್ಲು. ಹೂಂ ಅಂದುಬಿಟ್ಟೆ. ಜನವರಿ 16ರಿಂದ ಫೆಬ್ರವರಿ 14ರ ತನಕ, ಮೂವತ್ತು ದಿನ.

ಮೊದಲೇ ಹೇಳಿಬಿಡ್ತೀನಿ, ಬಿಟ್ಟಿದ್ದು ತಿನ್ನೋದು ಮಾತ್ರ, ಕರೆಯೋದಲ್ಲ. ದಿನಾ ಬೆಳಿಗ್ಗೆ ಸಂಜೆ ಲಕ್ಷ್ಮಿ ಹಾಲು ಕರೆದು ಡೈರಿಗೆ ಹಾಕ್ತಿದ್ದೆ. ಡೈರಿ ಹತ್ರ ಒಬ್ಬರು, "ಹೆಂಡದಂಗಡಿ ಇಟ್ಟೋನು ತಾನು ಮಾತ್ರ ಕುಡಿಯಲ್ಲ ಅಂದಂಗೆ ಆಯ್ತು ನಿನ್ನ ಕತೆ" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾತು ನಿಜವೇ ಆಗಿತ್ತು.

ಮಾಂಸ ಮೊಟ್ಟೆ ಬಿಡೋದು ಕಷ್ಟ ಆಗ್ಲಿಲ್ಲ. ಶ್ರಾವಣದಲ್ಲಿ ಹೇಗಿದ್ರೂ ಬಿಟ್ಟು ಅಭ್ಯಾಸ. ಕಷ್ಟ ಆಗಿದ್ದು ಟೀ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಗೆ ಹೋಗೋ ಮುಂಚೆ ಒಂದು ಲೋಟ ಟೀ ಇಳೀದಿದ್ರೆ ಕೈ ಓಡಲ್ಲ. ಮೊದಲ ಮೂರು ದಿನ ಟೀನೇ ಬಿಟ್ಟೆ, ತಲೆ ಒಡೆದುಹೋಗೋ ಹಂಗೆ ನೋವು. ಅದು ಹಾಲಿಲ್ಲದ ನೋವಲ್ಲ, ಟೀ ಇಲ್ಲದ ನೋವು. ಆಮೇಲೆ ಶುಂಠಿ, ಬೆಲ್ಲ, ನಿಂಬೆಹಣ್ಣು ಹಾಕಿ ಕರಿ ಟೀ ಮಾಡ್ಕೊಂಡೆ, ಸರಿಹೋಯ್ತು. ತೆಂಗಿನಕಾಯಿ ಹಾಲು ಹಾಕಿ ನೋಡಿದೆ, ಕುದಿಸಿದ್ರೆ ಒಡೆಯುತ್ತೆ, ಎಣ್ಣೆ ಮೇಲೆ ತೇಲುತ್ತೆ. ಮಗಳು ಬೆಂಗಳೂರಿಂದ ಬಾದಾಮಿ ಹಾಲಿನ ಪ್ಯಾಕೆಟ್ ಕಳಿಸ್ತೀನಿ ಅಂದ್ಲು. ರೇಟು ಕೇಳಿದೆ. ಅದರ ಒಂದು ಲೀಟರ್ ದುಡ್ಡಿಗೆ ನಮ್ಮ ಹಾಲು ಏಳೆಂಟು ಲೀಟರ್ ಬರುತ್ತೆ. ಬೇಡಮ್ಮ ಅಂದೆ.

ಇನ್ನು ಊಟ. ಒಂದು ವಾರ ಆದಮೇಲೆ ನನಗೇ ಆಶ್ಚರ್ಯ ಆಯ್ತು. ಮುದ್ದೆ, ಹುರುಳಿಕಾಳು ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಅವರೆಕಾಳು ಸಾರು, ಹುಚ್ಚೆಳ್ಳು ಚಟ್ನಿಪುಡಿ, ಒತ್ತು ಶಾವಿಗೆ ಕಾಯಾಲು. ಇದರಲ್ಲಿ ಹಾಲಿನ ಹನಿ ಎಲ್ಲೈತೆ? ನಮ್ಮಜ್ಜಿ ಕಾಲದಲ್ಲಿ ನಾಟಿ ಹಸು ಕೊಡ್ತಿದ್ದುದೇ ಒಂದೂವರೆ ಎರಡು ಲೀಟರ್. ಅದರಲ್ಲಿ ಕರುವಿನ ಪಾಲು ಕಳೆದು ಮಕ್ಕಳಿಗೆ, ಬಾಣಂತಿಗೆ, ಮುದುಕರಿಗೆ. ದೊಡ್ಡವರಿಗೆ ನೀರು ಮಜ್ಜಿಗೆ. ದಿನಕ್ಕೆ ನಾಲ್ಕು ಸಲ ಹಾಲಿನ ಟೀ ಕುಡಿಯೋದು, ಗಟ್ಟಿ ಮೊಸರು ಸುರ್ಕೊಳ್ಳೋದು, ಇದೆಲ್ಲ ಸೀಮೆ ಹಸು, ಡೈರಿ ಬಂದಮೇಲೆ ಕಲಿತಿದ್ದು. ಹಾಲು ಬಿಟ್ರೆ ಮೂಳೆ ಸವೆಯುತ್ತೆ ಅಂತ ನನ್ನ ಹೆಂಡತಿ ಹೆದರಿಸ್ತಿದ್ಲು. ನೂರು ಗ್ರಾಂ ಹಸುವಿನ ಹಾಲಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ರೆ ನೂರು ಗ್ರಾಂ ರಾಗೀಲಿ 340ರ ಮೇಲಿದೆ. ಮೈಗೆ ಹತ್ತೋದು ಅಷ್ಟೂ ಅಲ್ಲ, ಆದ್ರೂ ಎರಡು ಹೊತ್ತು ಮುದ್ದೆ ತಿನ್ನೋರು ಅದೊಂದಕ್ಕೆ ಹೆದರಬೇಕಾಗಿಲ್ಲ. ನಿಜವಾಗಿ ನೋಡಬೇಕಾಗಿರೋದು ಬಿ12. ಅದು ಸೊಪ್ಪು, ಕಾಳು, ತರಕಾರೀಲಿ ಸಿಗಲ್ಲ. ಒಂದು ತಿಂಗಳಿಗೆ ಏನೂ ಆಗಲ್ಲ, ಮೈಯಲ್ಲಿ ದಾಸ್ತಾನು ಇರುತ್ತೆ. ವರ್ಷಗಟ್ಟಲೆ ಮಾಡೋದಾದ್ರೆ ಡಾಕ್ಟ್ರನ್ನ ಕೇಳಿ ಮಾತ್ರೆ ತಗೊಳ್ಳಲೇಬೇಕು. ಮಗಳಿಗೂ ಅದನ್ನ ಗಟ್ಟಿಯಾಗಿ ಹೇಳಿದೀನಿ.

ಮೊಸರಿಲ್ಲದೆ ಊಟ ಮುಗಿಸೋಕೆ ಆಗ್ತಿರಲಿಲ್ಲ. ಅದಕ್ಕೆ ಕಡಲೆಕಾಯಿ ಮೊಸರು ಮಾಡಿದ್ವಿ. ಹೇಳ್ತೀನಿ, ಬೇಕಾದವರು ಮಾಡಿ ನೋಡಿ. ಒಂದು ಲೋಟ ಕಡಲೆಬೀಜ ರಾತ್ರಿ ನೆನೆಹಾಕಿ, ಸಿಪ್ಪೆ ತಿಕ್ಕಿ ತೆಗೆದು ನುಣ್ಣಗೆ ರುಬ್ಬಿ, ಮೂರು ಲೋಟ ನೀರು ಸೇರಿಸಿ ಬಟ್ಟೇಲಿ ಸೋಸಬೇಕು. ಸಣ್ಣ ಉರೀಲಿ ಕೈಯಾಡಿಸ್ತಾ ಕುದಿಸಿ, ಉಗುರು ಬೆಚ್ಚಗಾದಮೇಲೆ ಎಂಟತ್ತು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಬೇಕು. ಹೆಪ್ಪಿಗೆ ಹಳೇ ಮೊಸರು ಹಾಕಂಗಿಲ್ಲವಲ್ಲ, ತೊಟ್ಟಿನಲ್ಲೇ ಹುಳಿ ಹಿಡಿಯೋ ಗುಣ ಇದೆ. ಮೊದಲ ಸಲ ಅರೆಬರೆ ಹೆಪ್ಪಾಗುತ್ತೆ. ಅದನ್ನೇ ಹೆಪ್ಪಿಗೆ ಬಳಸಿದ್ರೆ ಎರಡನೇ ಸಲ ಗಟ್ಟಿ ಬರುತ್ತೆ. ಕಡಲೆಕಾಯಿ ವಾಸನೆ ಇರುತ್ತೆ, ಸಾಸಿವೆ ಕರಿಬೇವು ಒಗ್ಗರಣೆ ಕೊಟ್ರೆ ಅನ್ನಕ್ಕೆ ನಡೆಯುತ್ತೆ. ಸೋಸಿದ ಹಿಪ್ಪೆ ಹಸುವಿಗೆ ಹಾಕಿದೆ, ಲಕ್ಷ್ಮಿ ಬಕೆಟ್ಟು ನೆಕ್ಕಿದ್ಲು.

ನಡುವೆ ಒಂದು ಬೀಗರ ಊಟ ಬಂತು. ಎಲೆ ಮುಂದೆ ಕೂತು "ಮುದ್ದೆಗೆ ಕಾಳು ಸಾರು ಇದ್ರೆ ಹಾಕಿ" ಅಂದೆ. ಬಡಿಸೋ ಹುಡುಗ ನನ್ನ ಮುಖವನ್ನೇ ನೋಡಿದ. ಪಕ್ಕದವರು "ವ್ರತ ಇರಬೇಕು ಬಿಡಪ್ಪ" ಅಂದ್ರು. ಮಾಂಸ ಬೇಡ ಅಂದ್ರೆ ಜನಕ್ಕೆ ಅರ್ಥ ಆಗುತ್ತೆ. ಕೊನೇಲಿ ಮೊಸರೂ ಬೇಡ, ಪಾಯಸವೂ ಬೇಡ ಅಂದಾಗ ಯಾರಿಗೂ ಅರ್ಥ ಆಗ್ಲಿಲ್ಲ. ಹಾಲು ಬಿಡೋ ವ್ರತ ನಮ್ಮ ಕಡೆ ಇಲ್ಲವಲ್ಲ.

ಇಷ್ಟೇ ಆಗಿದ್ರೆ ನಾನು ಬರೀತಿರಲಿಲ್ಲ. ಹತ್ತೊಂಬತ್ತನೇ ದಿನ ರಾತ್ರಿ ಗೌರಿ ಕರು ಹಾಕಿದ್ಲು. ಎರಡು ಗಂಟೆ ರಾತ್ರಿ, ನಾನು ನನ್ನ ಹೆಂಡತಿ ಇಬ್ಬರೇ. ಕಾಲು ಹಿಡಿದು ಮೆಲ್ಲಗೆ ಎಳೆದು, ಮೂಗು ಬಾಯಿ ಒರೆಸಿ, ಬಾಲ ಎತ್ತಿ ನೋಡಿದೆ. ಗಂಡು. ನನ್ನ ಹೆಂಡತಿ "ಅಯ್ಯೋ, ಗಂಡಾ?" ಅಂದ್ಲು. ಅವಳ ತಪ್ಪಲ್ಲ, ಇಷ್ಟು ವರ್ಷ ನಾನೂ ಅದನ್ನೇ ಅಂದಿದೀನಿ. ಮನೇಲಿ ಹೆಣ್ಣು ಹುಟ್ಟಿದ್ರೆ ಮುಖ ಸಣ್ಣ ಮಾಡೋ ಜನ, ಕೊಟ್ಟಿಗೇಲಿ ಗಂಡು ಹುಟ್ಟಿದ್ರೆ ಸಣ್ಣ ಮಾಡ್ತೀವಿ.

ಬೆಳಿಗ್ಗೆ ಗಿಣ್ಣು ಕಾಸಿದ್ರು. ಬೆಲ್ಲ, ಏಲಕ್ಕಿ ಹಾಕಿ, ಬೀದಿಯವರಿಗೆಲ್ಲ ಕೊಟ್ಟು ಬಂದ್ರು. ನನಗೆ ಗಿಣ್ಣು ಅಂದ್ರೆ ಪ್ರಾಣ. ತಟ್ಟೆ ಮುಂದಿಟ್ಟು "ಕೊಟ್ಟಿಗೆ ಗಿಣ್ಣು ಬೇಡ ಅನ್ನಬಾರದು, ಒಂದು ಚೂರಾದ್ರೂ ತಿನ್ನಿ" ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ್ಲು. ನಾನು ತಿನ್ನಲಿಲ್ಲ. ಮಾತು ಕೊಟ್ಟಿದ್ದೆ ಅನ್ನೋದು ಒಂದು ಕಾರಣ. ಇನ್ನೊಂದು ಇಲ್ಲಿವರೆಗೂ ಯಾರಿಗೂ ಹೇಳಿರಲಿಲ್ಲ. ಆಷಾಢದ ಆ ಕರುವಿಗೆ ನಾನು ಹೊಟ್ಟೆ ತುಂಬ ಗಿಣ್ಣು ಹಾಲು ಕುಡಿಸಿರಲಿಲ್ಲ. ಹೆಣ್ಣು ಕರು ಆದ್ರೆ ಅಳತೆ ಮಾಡಿ ಮೂರು ಲೀಟರ್ ಕುಡಿಸ್ತೀವಿ. ಗಂಡಿಗೆ ಕರೆದು ಉಳಿದ ಕೊನೇ ಹಾಲು. "ಹೇಗಿದ್ರೂ ಹೋಗೋದೇ" ಅನ್ನೋ ಲೆಕ್ಕ. ಇದು ನನ್ನೊಬ್ಬನ ಕೊಟ್ಟಿಗೆಯ ಕತೆ ಅಂತ ನನಗನ್ನಿಸಲ್ಲ. ಈ ಸಲ ಗೌರಿ ಕರುವಿಗೆ ಹುಟ್ಟಿದ ಗಂಟೆಯೊಳಗೆ ಬಾಟಲೀಲಿ ಹೊಟ್ಟೆ ತುಂಬ ಕುಡಿಸಿದೆ. ಮಾರನೇ ದಿನವೇ ಬಾಲ ಎತ್ತಿ ಅಂಗಳದಲ್ಲಿ ಓಡ್ತು.

ನಾಲ್ಕನೇ ದಿನಕ್ಕೆ ಅದೇ ಸಂತೆಯವನು ಬೈಕಲ್ಲಿ ಬಂದ. ನಮ್ಮ ರಾಜ್ಯದ ಕಾನೂನು ನಿಮಗೆ ಗೊತ್ತು, ಹೋರಿ ಕರುವನ್ನೂ ಕಡಿಯೋ ಹಾಗಿಲ್ಲ. ಆದ್ರೂ ಕೇಳೋರು ಬರ್ತಾರೆ, ಕೊಡೋರು ಕೊಡ್ತಾರೆ. ಸಾಕೋ ಖರ್ಚು ಯಾರದು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಕೂತು ಲೆಕ್ಕ ಹಾಕಿದೆ. ದಿನಕ್ಕೆ ಮೂರು ಲೀಟರಿನಂತೆ ಅರವತ್ತು ದಿನ ಹಾಲು ಅಂದ್ರೆ 180 ಲೀಟರ್. ನಮಗೆ ಸಿಗೋ ದರದಲ್ಲಿ ಆರು ಸಾವಿರದ ಮೇಲೆ. ಆಮೇಲೆ ಹುಲ್ಲು, ಬೂಸ, ಹಿಂಡಿ. ಉಳುಮೆಗೆ ಟ್ರ್ಯಾಕ್ಟರ್ ಇದೆ. ಸೀಮೆ ಹೋರಿಗೆ ಇಣಿ ಇಲ್ಲ, ನೊಗ ಸರಿಯಾಗಿ ಕೂರಲ್ಲ, ಬಿಸಿಲಿಗೆ ಏದುಸಿರು ಬಿಡುತ್ತೆ. ಲೆಕ್ಕದ ಪುಸ್ತಕ ಎಲ್ಲಿ ತೆರೆದ್ರೂ ಇದು ನಷ್ಟವೇ.

ಆ ರಾತ್ರಿ ಮಗಳಿಗೆ ಫೋನ್ ಮಾಡಿ ಹೇಳಿದೆ, "ನೋಡವ್ವ, ನಾನು ಕುಡೀದೇ ಬಿಟ್ಟ ಹಾಲು, ದಿನಕ್ಕೆ ಮುಕ್ಕಾಲು ಲೀಟರ್, ಡೈರಿ ಕ್ಯಾನಿಗೆ ಹೋಯ್ತು. ಇನ್ಯಾರೋ ಕುಡಿದ್ರು. ಬಟವಾಡೆ ದಿನ ಹೆಚ್ಚಿಗೆ ದುಡ್ಡೂ ಬಂತು. ಹಸುವಿಗಾಗ್ಲಿ ಕರುವಿಗಾಗ್ಲಿ ಏನು ಬದಲಾಯ್ತು?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹಸು ತೆಗೆದುಬಿಡು ಅಂದ್ರೆ ತೆಗೀತೀಯಾ?" ಅಂದ್ಲು.

ಇಲ್ಲ, ತೆಗೆಯೋಕೆ ಆಗಲ್ಲ. ನಮ್ಮ 120 ತೆಂಗಿನ ಮರಕ್ಕೆ ವರ್ಷಕ್ಕೆ ಮರಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ ಹಾಕು ಅಂತಾರೆ, ಅಲ್ಲಿಗೇ ಆರು ಟನ್. ರಾಗಿ ಹೊಲದ್ದು ಬೇರೆ. ಸೆಣಬು, ಡಯಾಂಚ, ಗೊಬ್ಬರದ ಗಿಡದ ಸೊಪ್ಪು ಹಾಕಿ ಹಸುವಿಲ್ಲದೆ ಮಾಡಬಹುದು. ಆದ್ರೆ ಮಳೆ ಕೈಕೊಟ್ಟ ವರ್ಷ ಹಸಿರೆಲೆ ಗೊಬ್ಬರವೂ ಕೈಕೊಡುತ್ತೆ. ಕೊಬ್ಬರಿ ರೇಟು ಬಿದ್ದ ವರ್ಷ ಮನೆ ನಡೆಸಿದ್ದು ಬಟವಾಡೆ ದುಡ್ಡು. ಊಟದ ತಟ್ಟೆಯಿಂದ ಹಾಲು ತೆಗೆಯೋಕೆ ನನಗೆ ಒಂದು ವಾರ ಸಾಕಾಯ್ತು. ಹೊಲದಿಂದ ಹಸು ತೆಗೆಯೋಕೆ ಒಂದು ಜನ್ಮ ಸಾಲದು. ಅದನ್ನ ಮಗಳಿಗೂ ಹೇಳಿದೆ. ಆದ್ರೆ ಅವಳು ಮೊದಲು ಕೇಳಿದ್ದು ಹಸು ತೆಗಿ ಅಂತ ಅಲ್ಲ, ಕರು ಎಲ್ಲಿ ಅಂತ. ಆ ಪ್ರಶ್ನೆಗೆ ತಟ್ಟೇಲಿ ಉತ್ತರ ಇಲ್ಲ, ಕೊಟ್ಟಿಗೇಲೇ ಹುಡುಕಬೇಕು.

ಹಾಗಾಗಿ ಎರಡು ತೀರ್ಮಾನ ಮಾಡಿದೀನಿ. ಒಂದು, ಇನ್ಮೇಲೆ ಬೆದೆಗೆ ಬಂದಾಗ ಹೆಣ್ಣು ಕರು ಹುಟ್ಟೋ ಸೆಮೆನ್ ಕೊಡಿಸೋದು. ದುಡ್ಡು ಜಾಸ್ತಿ, ಗಬ್ಬ ಕಟ್ಟೋದು ಸ್ವಲ್ಪ ಕಡಿಮೆ, ಆದ್ರೆ ಹತ್ತರಲ್ಲಿ ಒಂಬತ್ತು ಹೆಣ್ಣೇ ಬರುತ್ತೆ. ಮಾರೋಕೆ ಮನಸ್ಸೊಪ್ಪದ ಕರು ಹುಟ್ಟಿಸೋದಕ್ಕಿಂತ ಅದು ವಾಸಿ. ಎರಡು, ಈ ಕರು ಕೊಡೋದಿಲ್ಲ. ಸಂತೆಯವನನ್ನ ಟೀ ಕುಡಿಸಿ ಕಳಿಸಿದೆ, ಅವನಿಗೆ ಹಾಲಿನ ಟೀ, ನನಗೆ ಕರಿ ಟೀ. ಎರಡು ವರ್ಷ ಆದಮೇಲೆ ಬೆಳಗಿನ ತಂಪಲ್ಲಿ ತೋಟದಿಂದ ಕಾಯಿ, ಹುಲ್ಲು, ಗೊಬ್ಬರ ಸಾಗಿಸೋ ಗಾಡಿ ಎಳೆದ್ರೆ ಸಾಕು. ಅಷ್ಟು ಕೆಲಸ ಅದರ ಕೈಲಿ ಆಗುತ್ತೆ ಅನ್ನೋ ನಂಬಿಕೆ. ನಷ್ಟ ಎಷ್ಟಾಯ್ತು ಅಂತ ಆರು ತಿಂಗಳಿಗೊಮ್ಮೆ ಇಲ್ಲೇ ಬರೀತೀನಿ, ಮುಚ್ಚಿಡಲ್ಲ.

ಮೂವತ್ತೊಂದನೇ ದಿನ ಏನು ಮಾಡಿದೆ ಅಂತ ಕೇಳ್ತೀರ. ಮಧ್ಯಾಹ್ನ ಅನ್ನಕ್ಕೆ ಮಜ್ಜಿಗೆ ಹಾಕ್ಕೊಂಡೆ, ನನ್ನ ಹೆಂಡತಿ ಮುಖ ಅರಳಿತು. ಟೀ ಮಾತ್ರ ಕರಿ ಟೀನೇ ಉಳೀತು, ಅದೇ ರುಚಿ ಹತ್ತಿಬಿಟ್ಟಿದೆ. ತೂಕ ಒಂದೂವರೆ ಕೆಜಿ ಇಳಿದಿದೆ, ಹೊಟ್ಟೆ ಹಗುರ ಇದೆ. ಮಗಳು ಇನ್ನೂ ಹಾಲು ಮುಟ್ಟಿಲ್ಲ. ನಾನು ಬೈಯೋದು ಬಿಟ್ಟಿದೀನಿ. ಯುಗಾದಿಗೆ ಬಂದಾಗ ಕರುವಿಗೆ ಅವಳೇ ಹೆಸರಿಡಬೇಕಂತೆ.

ಕೊನೇದಾಗಿ ಒಂದು ಕೇಳ್ಕೊಳ್ಳೋದು. ನಿಮ್ಮಲ್ಲಿ ಯಾರ ಮನೆ ಹಿತ್ತಲಲ್ಲಾದ್ರೂ ಹಳೇ ಒಂಟೆತ್ತಿನ ಗಾಡಿ ಮೂಲೆಗೆ ಬಿದ್ದಿದ್ರೆ ತಿಳಿಸಿ. ಚಕ್ರ ಗಟ್ಟಿ ಇದ್ರೆ ಸಾಕು, ಉಳಿದಿದ್ದು ನಾನೇ ಮಾಡಿಸ್ಕೋತೀನಿ. ಸೀಮೆ ಹೋರಿನ ಗಾಡಿಗೆ ಪಳಗಿಸಿ ಗೊತ್ತಿರೋರು ಇದ್ರೆ ಒಂದು ಸಲ ಮನೆ ಕಡೆ ಬನ್ನಿ. ಟೀ ಕೊಡ್ತೀನಿ. ಯಾವ ಟೀ ಬೇಕು ಅಂತ ನೀವೇ ಹೇಳಿ.