ಫೋಟೋದ ಬೆನ್ನಿನ ಬರಹ

ಹಳೆಯ ಫೋಟೋ ಕೈಗೆ ಸಿಕ್ಕರೆ ನಮ್ಮ ಹಿರಿಯರು ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತಿದ್ದರು. ಅಲ್ಲಿ ಸ್ಟುಡಿಯೋದ ಮೊಹರು, ಶಾಯಿಯಲ್ಲಿ ಬರೆದ ತಾರೀಖು, ಅದೃಷ್ಟವಿದ್ದರೆ ‘ಎಡದಿಂದ ಬಲಕ್ಕೆ’ ಎಂದು ಶುರುವಾಗುವ ಹೆಸರುಗಳ ಸಾಲು. ಕಂಪ್ಯೂಟರಿನಲ್ಲಿರುವ ಫೋಟೋಗೆ ಮಗುಚಿ ನೋಡಲು ಬೆನ್ನೆಲ್ಲಿದೆ ಎಂದು ನೀವು ಕೇಳಬಹುದು. ಇದೆ. ಆದರೆ ಒಂದೇ ಜಾಗದಲ್ಲಿಲ್ಲ. ತೊಂದರೆ ಬರುವುದು ಅಲ್ಲೇ.

ನಾನಿರುವ ಬಿಟಿಎಂ ಲೇಔಟನ್ನೇ ತೆಗೆದುಕೊಳ್ಳಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಇದನ್ನು ಬಲ್ಲವರು ಕಡಿಮೆ. ಅಕ್ಷರಗಳು ಬೋರ್ಡಿನ ಮೇಲಿವೆ, ಅದರ ವಿವರ ಮಾತ್ರ ಹಿರಿಯರ ಬಾಯಲ್ಲಿದೆ. ಮನೆಯ ಫೋಟೋಗಳ ಕಥೆಯೂ ಹೀಗೆಯೇ.

ನಮ್ಮ ಸೋದರತ್ತೆ ಎಂಬತ್ತು ದಾಟಿದ ಮೇಲೆ ನಮ್ಮಲ್ಲಿಗೆ ಬಂದರು. 2013ರ ಬೇಸಿಗೆ ರಜೆಯಲ್ಲಿ, ಪಿಯುಸಿ ಓದುತ್ತಿದ್ದ ನನ್ನ ಮಗಳು ಅವರ ಟ್ರಂಕಿನಲ್ಲಿದ್ದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಅವರು ಹೇಳಿದ್ದನ್ನೆಲ್ಲ ಪ್ರತಿ ಚಿತ್ರದ ಕೆಳಗೆ ಟೈಪ್ ಮಾಡಿದಳು. ಮೂರು ವರ್ಷದ ಬಳಿಕ ಅತ್ತೆ ತೀರಿಕೊಂಡರು. ಮುಂದೆ ಹೊಸ ಕಂಪ್ಯೂಟರ್ ಬಂದಾಗ ಅದರಲ್ಲಿ ಫೋಟೋ ತೆರೆದರೆ ಮುಖಗಳೆಲ್ಲ ಬಂದಿವೆ, ಅಕ್ಷರ ಒಂದೂ ಇಲ್ಲ! ಮಗಳು ಬಿಡಲಿಲ್ಲ. ಹಳೆಯ ಯಂತ್ರವನ್ನು ಮತ್ತೆ ಹಚ್ಚಿ ಎರಡು ದಿನ ಜಾಲಾಡಿದಳು. ಫೋಲ್ಡರಿನೊಳಗೆ ಕಣ್ಣಿಗೆ ಕಾಣದಂತೆ ಅಡಗಿದ್ದ ಪುಟ್ಟ ಫೈಲೊಂದರಲ್ಲಿ ಅತ್ತೆಯ ಮಾತುಗಳು ಸಿಕ್ಕವು. ಅದರಲ್ಲಿ ಒಂದು ಸಾಲು: ‘ಬಲತುದಿಯಲ್ಲಿ ನಿಂತವನು ನನ್ನ ಕಡೆಯ ತಮ್ಮ. ಎಂಟನೇ ವರ್ಷಕ್ಕೆ ಜ್ವರ ಬಂದು ಹೋದ.’ ನನ್ನ ತಂದೆ ಈ ತಮ್ಮನ ಸುದ್ದಿ ಎಂದೂ ಎತ್ತಿದವರಲ್ಲ. ಆ ಹುಡುಗ ಈ ಲೋಕದಲ್ಲಿದ್ದ ಎಂಬುದಕ್ಕೆ ನಮ್ಮ ಬಳಿ ಉಳಿದಿರುವುದು ಅದೊಂದೇ ಸಾಲು.

ಹಾಗಾದರೆ ಇಂಥ ಬರಹ ಎಲ್ಲೆಲ್ಲಿ ಕೂತಿರುತ್ತದೆ? ಮುಖ್ಯವಾಗಿ ಮೂರು ಕಡೆ.

ಮೊದಲನೆಯದು, ಚಿತ್ರದ ಫೈಲಿನ ಒಳಗೇ. ಕ್ಯಾಮೆರಾ ತಾನಾಗಿ ಬರೆದಿಡುವ ಜಾತಕಕ್ಕೆ ಎಕ್ಸಿಫ್ ಎಂದು ಹೆಸರು. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಪದ್ಧತಿ ಇದು. ಫೋಟೋ ತೆಗೆದ ದಿನ, ವೇಳೆ, ಕ್ಯಾಮೆರಾದ ಮಾದರಿ, ಷಟರ್ ವೇಗ ಇವೆಲ್ಲ ಅಲ್ಲಿರುತ್ತವೆ. ನಾವು ಬರೆಯುವ ಅಡಿಟಿಪ್ಪಣಿಗೆ ಪತ್ರಿಕಾಲೋಕದಿಂದ ಬಂದ ಐಪಿಟಿಸಿ ಎಂಬ ಖಾನೆಗಳಿವೆ. ಅಡೋಬಿ ಕಂಪನಿ 2001ರಲ್ಲಿ ತಂದ ಎಕ್ಸ್‌ಎಂಪಿ ಇದೆ. ಎಕ್ಸ್‌ಎಂಪಿ ಯೂನಿಕೋಡ್ ಬಳಸುವುದರಿಂದ ಕನ್ನಡ ಅಲ್ಲಿ ನಿಶ್ಚಿಂತೆಯಿಂದ ಕೂರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಡೆ ಕಾಣುವುದು ಕಲಸುಮೇಲೋಗರ ಮಾತ್ರ.

ಎರಡನೆಯದು, ಚಿತ್ರದ ಪಕ್ಕದಲ್ಲಿ ಕೂರುವ ಬೇರೊಂದು ಪುಟ್ಟ ಫೈಲು. ವೃತ್ತಿಪರರು ಬಳಸುವ ರಾ ಫೋಟೋಗಳಿಗೆ ಅನೇಕ ತಂತ್ರಾಂಶಗಳು ಹೀಗೆಯೇ ಮಾಡುತ್ತವೆ. ಫೋಟೋ ಒಂದನ್ನೇ ಒಯ್ದರೆ ಜೊತೆಗಾರ ಹಿಂದೆಯೇ ಉಳಿಯುತ್ತಾನೆ.

ಮೂರನೆಯದು, ತಂತ್ರಾಂಶದ ಸ್ವಂತ ಉಗ್ರಾಣ. ಆಲ್ಬಮ್ಮುಗಳ ಜೋಡಣೆ, ಮುಖ ಗುರುತಿಸಿ ಕೊಟ್ಟ ಹೆಸರು ಹೆಚ್ಚಾಗಿ ಇಲ್ಲಿರುತ್ತವೆ. ತಂತ್ರಾಂಶ ಬಾಗಿಲು ಮುಚ್ಚಿದರೆ ಉಗ್ರಾಣಕ್ಕೂ ಬೀಗ. ಬಹಳ ಮನೆಗಳಲ್ಲಿ ಬಳಕೆಯಲ್ಲಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಗೂಗಲ್ ಫೋಟೋಸ್‌ನಲ್ಲಿ ನೀವು ಬರೆದ ವಿವರಣೆಯೂ, ಟೇಕ್‌ಔಟ್ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ, ಬೇರೆ ಫೈಲಿನಲ್ಲಿ ಬರುತ್ತದೆ.

ಒಂದು ಎಚ್ಚರದ ಮಾತು. ಲೊಕೇಶನ್ ಆನ್ ಇದ್ದರೆ ಮೊಬೈಲು ತೆಗೆದ ಚಿತ್ರದ ಜಾತಕದಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶಗಳೂ ದಾಖಲಾಗುತ್ತವೆ. ಮನೆಯಲ್ಲೇ ತೆಗೆದ ಫೋಟೋವನ್ನು ಮಗು ಅಪರಿಚಿತರಿಗೆ ಇಮೇಲ್ ಮಾಡಿದರೆ ಮನೆಯ ಗುರುತನ್ನೂ ಕೊಟ್ಟಂತೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಿಂದ ಈ ಜಾತಕ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಸ್ಥಳದ ಗುಟ್ಟು ಉಳಿಯಿತು ಎನ್ನುವಷ್ಟರಲ್ಲಿ, ಫೋಟೋ ತೆಗೆದ ತಾರೀಖೂ ಹೋಗಿರುತ್ತದೆ. ಹಾಗಾಗಿ ಮದುವೆ ಮುಂಜಿಯ ಚಿತ್ರಗಳ ಮೂಲಪ್ರತಿಯನ್ನು, ತೆಗೆದವರಿಂದಲೇ ಕೇಳಿ ಪಡೆಯುವುದು ಒಳ್ಳೆಯದು.

ವಿದ್ಯಾರ್ಥಿಗಳು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ಫೋಟೋಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಆ ಫೋಟೋ ಒಂದನ್ನೇ ಪೆನ್ ಡ್ರೈವಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ, ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಸಾಲುಗಳು ಕಂಡರೆ ಬರಹ ಚಿತ್ರದೊಳಗಿದೆ ಎಂದರ್ಥ. ಕಾಣದಿದ್ದರೆ ಇನ್ನೊಂದು ತಂತ್ರಾಂಶದಲ್ಲೂ ತೆರೆದು ನೋಡಿ. ಅಲ್ಲೂ ಇಲ್ಲವೆಂದರೆ ಬರೆಯುವ ವಿಧಾನವನ್ನೇ ಬದಲಿಸಿ. ಹೇಗೂ ಇರಲಿ, ಹೆಸರುಗಳ ಪಟ್ಟಿಯೊಂದನ್ನು ಕಾಗದದಲ್ಲೂ ಬರೆದಿಡಿ.

ತಂದೆತಾಯಿಯರಿಗೆ ಇರುವ ಕೆಲಸ ಇನ್ನೂ ಸುಲಭ. ಯಾವ ತಂತ್ರಾಂಶವೂ ನಿಮ್ಮ ಅಜ್ಜನ ಷಡ್ಡಕನ ಹೆಸರನ್ನು ಊಹಿಸಲಾರದು. ಬಲ್ಲವರು ಮನೆಯಲ್ಲಿದ್ದರೆ ಮಕ್ಕಳನ್ನು ಅವರ ಪಕ್ಕ ಕೂರಿಸಿ. ಒಂದು ಭಾನುವಾರದ ಮಧ್ಯಾಹ್ನ ಸಾಕು. ಅಜ್ಜಿಗೆ ಜೊಂಪು ಹತ್ತುವ ಮೊದಲೇ ಶುರುಮಾಡಿ.