ಮಂಜಿನ ದ್ವೀಪದಲ್ಲಿ ಒಂದು ದಿನ

ಪ್ರವಾಸವೆಂದರೆ ತಿಂಗಳ ಮೊದಲೇ ದಿನ ಗೊತ್ತುಮಾಡಿ, ಗಂಟುಮೂಟೆ ಕಟ್ಟಿ, ನೆಂಟರಿಷ್ಟರಿಗೆ ತಿಳಿಸಿ ಹೊರಡತಕ್ಕದ್ದೆಂಬುದು ನಮ್ಮ ಮನೆತನದ ಸಂಪ್ರದಾಯ. ಈ ಸಂಪ್ರದಾಯವನ್ನು ತಪ್ಪದೆ ಪಾಲಿಸಿದುದರ ಫಲವಾಗಿ, ಮದುವೆಯಾದ ಮೂವತ್ತು ವರ್ಷಗಳಲ್ಲಿ ನಾವು ಎಲ್ಲಿಗೂ ಹೋಗಲಿಲ್ಲವೆಂದರೆ ವಾಚಕರು ನಗಬಾರದು. ದಿನ ಗೊತ್ತಾದಾಗಲೆಲ್ಲ ಮನೆಯಲ್ಲಿ ಏನಾದರೊಂದು ಅಡ್ಡಿ ಬರುತ್ತಿತ್ತು.

ಮದುವೆಯಾದ ಹೊಸತರಲ್ಲಿ ನಮ್ಮ ಮನೆಯಾಕೆಗೆ ನಾವೊಂದು ಮಾತು ಕೊಟ್ಟಿದ್ದೆವು. ಆಕೆ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವಳು, ಸಮುದ್ರವನ್ನು ಕಂಡವಳಲ್ಲ. ಮಲ್ಪೆಯ ಕಡಲಿನಲ್ಲಿ ಸೇಂಟ್ ಮೇರೀಸ್ ಎಂಬ ದ್ವೀಪವಿರುವುದೆಂದೂ, ಯಾರೋ ಕಂಬಗಳನ್ನು ಕಡೆದು ಒಟ್ಟಿದರೋ ಎಂಬಂತೆ ಕರಿಗಲ್ಲುಗಳು ಅಲ್ಲಿ ನಿಂತಿರುವುವೆಂದೂ, 1498ರಲ್ಲಿ ವಾಸ್ಕೊ ಡ ಗಾಮನು ಅಲ್ಲಿ ಇಳಿದನೆಂಬ ಐತಿಹ್ಯವುಂಟೆಂದೂ ವರ್ಣಿಸಿ, "ಒಂದು ದಿನ ದೋಣಿಯಲ್ಲಿ ಹೋಗಿ ಬರೋಣ, ನಾವಿಬ್ಬರೇ" ಎಂದಿದ್ದೆವು. ಆ ಒಂದು ದಿನವು ಬರಲೇ ಇಲ್ಲ. ಮಕ್ಕಳ ಓದು, ಮನೆಯ ಸಾಲ, ಮದುವೆ ಮುಂಜಿಗಳಲ್ಲಿ ಕಾಲ ಕಳೆಯಿತು. ಕಡೆಗೆ ನಮ್ಮ ತಾಯಿಯವರು ಹಾಸಿಗೆ ಹಿಡಿದರು. ಆರು ವರ್ಷಗಳ ಕಾಲ ಅವರ ಶುಶ್ರೂಷೆಯನ್ನೆಲ್ಲ ಮಾಡಿದವಳು ಆಕೆಯೇ.

ಹೋದ ವರ್ಷ ಆಷಾಢದಲ್ಲಿ ತಾಯಿಯವರು ತೀರಿಕೊಂಡರು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಆಗ ಒಂದು ವಿಚಿತ್ರ ಸಂಗತಿಯು ನಮ್ಮ ಅನುಭವಕ್ಕೆ ಬಂತು. ಅಷ್ಟು ವರ್ಷಗಳು ನಮ್ಮ ಮಾತೆಲ್ಲವೂ ಔಷಧ, ಗಂಜಿ, ವೈದ್ಯರು ಎಂಬ ವಿಷಯಗಳನ್ನೇ ಸುತ್ತುತ್ತಿದ್ದುವು. ಆ ವಿಷಯಗಳು ತೀರಿದ ಮೇಲೆ ಮಾತೂ ತೀರಿತು. ಜಗಳವೇನೂ ಇರಲಿಲ್ಲ. ಕೆಲಸದಿಂದ ನಿವೃತ್ತರಾದ ನಾವು ಪಡಸಾಲೆಯಲ್ಲಿ, ಆಕೆ ಅಡಿಗೆಮನೆಯಲ್ಲಿ. ನಡುವೆ ಹತ್ತು ಮಾರು ನೆಲ. ಆ ಹತ್ತು ಮಾರನ್ನು ದಾಟುವುದು ಹೇಗೆಂಬುದು ಇಬ್ಬರಿಗೂ ಮರೆತುಹೋದಂತಿತ್ತು.

ಈ ವರ್ಷ ತಿಥಿ ಮುಗಿದ ಮರುವಾರ, ಅದಕ್ಕಾಗಿ ಬಂದಿದ್ದ ಮಗಳನ್ನು ಬೆಂಗಳೂರಿನ ಬಸ್ಸಿಗೆ ಹತ್ತಿಸಲೆಂದು ಬೆಳಗ್ಗೆ ಮೈಸೂರಿನ ಬಸ್ಸು ನಿಲ್ದಾಣಕ್ಕೆ ಹೋಗಿದ್ದೆವು. ಬಸ್ಸು ಹೊರಟು ಕಣ್ಮರೆಯಾದ ಮೇಲೆ ನೋಡಿದರೆ, ಮಗಳಿಗೆಂದು ಕಟ್ಟಿದ್ದ ಚಿತ್ರಾನ್ನದ ಡಬ್ಬಿ ಆಕೆಯ ಕೈಯಲ್ಲಿಯೇ ಉಳಿದಿತ್ತು. "ಹೋಗೋಣವೇ ಮನೆಗೆ?" ಎಂದೆವು. ಆಕೆ ಡಬ್ಬಿಯನ್ನು ನೋಡುತ್ತ, "ಹೋಗಿ ಮಾಡುವುದೇನಿದೆ ಅಂದ್ರೆ?" ಎಂದಳು.

ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆದುದರಿಂದಲೇ ಅದು ನಮ್ಮ ಎದೆಗೆ ನಾಟಿತು. ಎದುರಿಗೆ ಗುಂಡ್ಲುಪೇಟೆಯ ಬಸ್ಸೊಂದು ಹೊರಡಲು ಸಿದ್ಧವಾಗಿ ನಿಂತಿತ್ತು. "ಹತ್ತು" ಎಂದೆವು. "ಎಲ್ಲಿಗೆ?" "ದ್ವೀಪಕ್ಕೆ!" ಎಂದುಬಿಟ್ಟೆವು, ಏನೂ ತೋಚದೆ. ಮಳೆಗಾಲದಲ್ಲಿ ಮಲ್ಪೆಯ ದೋಣಿಗಳು ಆ ದ್ವೀಪಕ್ಕೆ ಹೋಗುವುದಿಲ್ಲವೆಂಬುದನ್ನೂ, ಗುಂಡ್ಲುಪೇಟೆಯಲ್ಲಿ ಸಮುದ್ರವಿಲ್ಲವೆಂಬುದನ್ನೂ ಬಲ್ಲ ಆಕೆ ನಮ್ಮ ಮುಖವನ್ನೊಮ್ಮೆ ನೋಡಿ, ನಕ್ಕು, ಹತ್ತಿದಳು. ಬಹಳ ದಿನಗಳ ಮೇಲೆ ಕಂಡ ನಗು ಅದು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ಟಿನ ಹಣವಿಲ್ಲವಾದುದರಿಂದ ನಾವು ಒಬ್ಬರಿಗೆ ಮಾತ್ರ ಹಣ ಕೊಟ್ಟೆವು. "ನನ್ನಿಂದ ಖರ್ಚಿಲ್ಲ, ನೋಡಿ" ಎಂದು ಆಕೆ ಹಾಸ್ಯ ಮಾಡಿದಳು. ನಂಜನಗೂಡಿನಲ್ಲಿ ಕಪಿಲೆಯು ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬೇಗೂರನ್ನು ದಾಟಿ ಸುಮಾರು 60 ಕಿಲೋಮೀಟರುಗಳ ಪ್ರಯಾಣದ ತರುವಾಯ ಗುಂಡ್ಲುಪೇಟೆಯಲ್ಲಿ ಇಳಿದು ಕಾಫಿ ಕುಡಿದೆವು. ಇದು ಹಳೆಯ ಊರು. ವಿಜಯಪುರವೆಂಬುದು ಇದರ ಪೂರ್ವದ ಹೆಸರು. ಇಲ್ಲಿಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಕಟ್ಟಿಸಿದರು. ಅರಸರಿಗಾದರೆ ನೆನಪಿಗೆ ದೇವಾಲಯ. ನಮ್ಮಂಥವರಿಗೆ ಬರಿದಾದ ಒಂದು ಕೋಣೆ ಎಂದುಕೊಂಡೆವು, ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹೊರಟ ಬಸ್ಸು ಸಿಕ್ಕಿತು. ಊರು ದಾಟುತ್ತಲೇ ಎರಡು ಪಕ್ಕಗಳಲ್ಲಿಯೂ ಚೆಂಡುಹೂವಿನ ಹೊಲಗಳು, ಸೂರ್ಯಕಾಂತಿಯ ಹೊಲಗಳು. ನೆಲಕ್ಕೆ ಅರಿಸಿನ ಎರಚಿದಂತೆ ಕಣ್ಣು ಹರಿಯುವವರೆಗೂ ಹಳದಿ, ಅದರ ಮೇಲೆ ಕರಿಮೋಡ. ಇಲ್ಲಿಯ ಚೆಂಡುಹೂವು ಬಣ್ಣ ತೆಗೆಯುವ ಕಾರ್ಖಾನೆಗಳಿಗೂ, ಓಣಂ ಹಬ್ಬದ ಕಾಲಕ್ಕೆ ಕೇರಳದ ಅಂಗಳಗಳಿಗೂ ಹೋಗುವುದು. ಹಂಗಳವೆಂಬ ಗ್ರಾಮದಲ್ಲಿ ಬಸ್ಸು ಊಟಿಯ ಹೆದ್ದಾರಿಯನ್ನು ಬಿಟ್ಟು ಬೆಟ್ಟದ ದಾರಿಗೆ ತಿರುಗಿತು. 1673ರಲ್ಲಿ ಮೈಸೂರಿನ ಪಟ್ಟವೇರಿದ ಚಿಕ್ಕದೇವರಾಜರು ಅದಕ್ಕೆ ಮೊದಲು ಇದೇ ಹಂಗಳದಲ್ಲಿ ನಿರ್ಬಂಧದಲ್ಲಿದ್ದರೆಂದು ಇತಿಹಾಸವು ಹೇಳುವುದು.

ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ತಪಾಸಣೆಯ ಗೇಟು ಇದೆ. ಸ್ವಂತ ಕಾರುಗಳು ಅಲ್ಲಿಯೇ ನಿಲ್ಲತಕ್ಕದ್ದು. ಮೇಲಕ್ಕೆ ಹೋಗುವುದು ಸರ್ಕಾರಿ ಬಸ್ಸೊಂದೇ. ಈ ಬೆಟ್ಟವು ಬಂಡೀಪುರದ ಹುಲಿಗಳ ರಕ್ಷಿತಾರಣ್ಯದೊಳಗೇ ಇರುವುದರಿಂದ ಈ ಕಟ್ಟಳೆ. ವಾಸ್ತವದಲ್ಲಿ ಬಂಡೀಪುರದ ಕಥೆಯೇ ಈ ಬೆಟ್ಟದ ದೇವರ ಹೆಸರಿನಿಂದ ಮೊದಲಾಯಿತು. ಮೈಸೂರಿನ ಅರಸರು ಬೇಟೆಯಾಡುತ್ತಿದ್ದ ಈ ಕಾಡಿನ ಸುಮಾರು 90 ಚದರ ಕಿಲೋಮೀಟರುಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1931ರಲ್ಲಿ, ವನ್ಯಮೃಗಗಳಿಗೆಂದು ಬಿಟ್ಟಾಗ ಅದಕ್ಕೆ ವೇಣುಗೋಪಾಲನ ಹೆಸರನ್ನೇ ಇಟ್ಟರು. 1973ರಲ್ಲಿ ಹುಲಿ ಸಂರಕ್ಷಣೆಯ ಯೋಜನೆಯು ಆರಂಭವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಬೇಟೆಗಾರನೇ ಕಾವಲುಗಾರನಾದುದು ಈ ನೆಲದ ಪುಣ್ಯ.

ಬಸ್ಸು ತಿರುವುಗಳನ್ನು ಏರಿದಂತೆ ಕೆಳಗಿನ ಮತ್ತಿ, ದಿಂಡಿಗ, ಬಿದಿರುಗಳು ಹಿಂದುಳಿದುವು. ಬೋಳು ನೆತ್ತಿಯ ಹುಲ್ಲುಗಾವಲುಗಳೂ, ಕೊರಕಲುಗಳಲ್ಲಿ ಅಡಗಿದ ದಟ್ಟ ಹಸುರು ಶೋಲಾ ಕಾಡುಗಳೂ ಕಾಣಿಸಿದುವು. ಬೆಟ್ಟದ ಎತ್ತರ 1,454 ಮೀಟರು, ಎಂದರೆ ಸುಮಾರು 4,770 ಅಡಿ. ಮೇಲೆ ಇಳಿದಾಗ ಮುಖಕ್ಕೆ ಬಡಿದದ್ದು ಗಾಳಿಯೋ ನೀರೋ ತಿಳಿಯಲಿಲ್ಲ. ಹಿಮವದ್ಗೋಪಾಲಸ್ವಾಮಿ ಎಂಬ ಹೆಸರು ಉತ್ಪ್ರೇಕ್ಷೆಯಲ್ಲ.

ದೇವಾಲಯವು ಚಿಕ್ಕದು. ಹೊಯ್ಸಳರ ವೀರಬಲ್ಲಾಳನ ಕಾಲದ್ದೆಂದು ಹೇಳುವರು. ಒಳಗೆ ಮರದಡಿಯಲ್ಲಿ ಕೊಳಲೂದುವ ಕೃಷ್ಣ. ಗರ್ಭಗುಡಿಯಲ್ಲಿ ಜಿನುಗುವ ತಣ್ಣನೆಯ ಹನಿಗಳನ್ನು ಅರ್ಚಕರು ತೀರ್ಥದಂತೆ ಪ್ರೋಕ್ಷಿಸಿದರು. ತಂದೆತಾಯಿಗಳು ಗತಿಸಿದ ವರ್ಷದಲ್ಲಿ ಬೆಟ್ಟದ ದೇವರ ದರ್ಶನ ಕೂಡದೆಂಬ ವಾಡಿಕೆಯಿರುವುದರಿಂದ, ಒಂದು ವರ್ಷದ ಮೇಲೆ ನಾವು ನಿಂತ ಮೊದಲ ಬೆಟ್ಟದ ಸನ್ನಿಧಿ ಇದು. ಆಕೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು.

ಹೊರಗೆ ಬಂದು ಪ್ರಾಕಾರದ ಆಚೆ ನಿಂತೆವು. ಒಂದು ಗಳಿಗೆಯ ಮಟ್ಟಿಗೆ ಮಂಜು ಕೆಳಕ್ಕೆ ಇಳಿಯಿತು. ಏನೆಂದು ಹೇಳೋಣ! ಕಣಿವೆಗಳೆಲ್ಲ ಬೆಳ್ಳನೆಯ ನೀರಿನಿಂದ ತುಂಬಿದಂತಿದ್ದುವು. ಅದರ ನಡುವೆ ಅಲ್ಲೊಂದು ಇಲ್ಲೊಂದು ಬೆಟ್ಟದ ನೆತ್ತಿ ಮಾತ್ರ ಹಸುರಾಗಿ ತೇಲುತ್ತಿತ್ತು. ದೂರದ ತೆಂಕಣಕ್ಕೆ ನೀಲಗಿರಿಯ ಸಾಲು ಇನ್ನೊಂದು ದಡದಂತಿತ್ತು. "ಕೊಟ್ಟ ಮಾತು ನಡೆಸಿದಿರಿ" ಎಂದಳು ಆಕೆ ಮೆಲ್ಲನೆ. "ದ್ವೀಪವೇ ಅಲ್ಲವೇ ಇದು?"

ಅದು ಕವಿಯ ಮಾತಷ್ಟೇ ಅಲ್ಲ, ಶಾಸ್ತ್ರಜ್ಞರ ಮಾತೂ ಹೌದು. ಪಶ್ಚಿಮಘಟ್ಟದ ಎತ್ತರದ ಶಿಖರಗಳನ್ನು ಅವರು ಆಕಾಶದ್ವೀಪಗಳೆಂದೇ ಕರೆಯುವರು. ತಂಪಿನಲ್ಲಿ ಮಾತ್ರ ಬದುಕತಕ್ಕ ಗಿಡವೂ ಹಕ್ಕಿಯೂ ಕೆಳಗಿನ ಬೆಚ್ಚನೆಯ ಬಯಲನ್ನು ದಾಟಲಾರವು; ಹಡಗಿಲ್ಲದವನಿಗೆ ಸಮುದ್ರವು ಹೇಗೋ, ಅವಕ್ಕೆ ಬಯಲು ಹಾಗೆ. ನೀಲಗಿರಿಯ ಶೋಲಾ ಕಾಡಿನ ನೆಲದಲ್ಲಿ ಹುಳು ಹೆಕ್ಕುವ ಒಂದು ಪುಟ್ಟ ನೀಲಿ ಹಕ್ಕಿಯೂ, ಪಾಲಕ್ಕಾಡಿನ ಕಣಿವೆಯಾಚೆಯ ಅದರ ದಾಯಾದಿಯೂ ಒಂದೇ ವಂಶದವು. ಆದರೆ ಯುಗಯುಗಗಳು ಅಗಲಿದ್ದುದರಿಂದ ಇಂದು ಅವು ಬೇರೆ ಬೇರೆ ಜಾತಿಗಳೇ ಆಗಿಹೋಗಿವೆ.

ಇದನ್ನು ನಾವು ವಿವರಿಸುತ್ತಿರುವಾಗಲೇ ಮಂಜು ಮರಳಿ ಏರಿತು. ದೇವಾಲಯವು ಮಾಯವಾಯಿತು; ಮರುಕ್ಷಣದಲ್ಲಿ ಪಕ್ಕದಲ್ಲಿದ್ದ ಆಕೆಯೂ ಮಾಯವಾದಳು. ನಾವು ಕರೆದೆವು, ಉತ್ತರ ಬರಲಿಲ್ಲ. ಗಟ್ಟಿಯಾಗಿ ಕರೆದೆವು. ಎದೆ ಡವಗುಟ್ಟಿತು. ಆಗ ಎರಡು ಮಾರು ದೂರದಿಂದಲೇ ಆಕೆಯ ದನಿ ಬಂತು: "ಇಲ್ಲೇ ಇದ್ದೇನೆ ಅಂದ್ರೆ."

ದನಿಯನ್ನು ಹಿಡಿದು ಹೋದೆವು. ಆಕೆ ಕಲ್ಲಿನ ಮೇಲೆ ಕುಳಿತು ಕಣ್ಣು ಒರಸಿಕೊಳ್ಳುತ್ತಿದ್ದಳು. ಏಕೆಂದು ಕೇಳದೆ ಪಕ್ಕದಲ್ಲಿ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೇಳಿದಳು: "ಮಧ್ಯಾಹ್ನ ಎರಡು ಗಂಟೆಯಾದರೆ ಈಗಲೂ ಕಾಲು ಅತ್ತೆಯವರ ಕೋಣೆಗೆ ಹೋಗುತ್ತದೆ. ಔಷಧದ ಹೊತ್ತು ಅದು. ಬಾಗಿಲವರೆಗೆ ಹೋಗಿ ನಿಂತು ಹಿಂದಕ್ಕೆ ಬರುತ್ತೇನೆ. ಒಂದು ವರ್ಷದಿಂದ ದಿನವೂ ಹೀಗೇ. ನೀವು ಪತ್ರಿಕೆ ಓದುತ್ತಿರುತ್ತೀರಿ."

ನಾವು ಓದುತ್ತಿರಲಿಲ್ಲ. ಆ ಹೊತ್ತಿನಲ್ಲಿ ಆ ಕೋಣೆಯ ಕಡೆಗೆ ನೋಡಬಾರದೆಂದೇ ಪತ್ರಿಕೆಯನ್ನು ಮುಖಕ್ಕೆ ಹಿಡಿದಿರುತ್ತಿದ್ದೆವು. ಅದನ್ನು ಹೇಳಿದೆವು. ಆಕೆ ಬೆರಗಾಗಿ ನೋಡಿದಳು. ಆ ಬಿಳಿಯ ಕತ್ತಲಿನಲ್ಲಿ ಕುಳಿತು ನಾವಿಬ್ಬರೂ ತಾಯಿಯವರ ವಿಷಯವನ್ನು, ಅವರ ಕೋಪವನ್ನು, ಅವರ ಹಾಡನ್ನು, ಕಡೆಯ ದಿನಗಳಲ್ಲಿ ಆಕೆಯನ್ನು ತಮ್ಮ ತಂಗಿಯೆಂದು ಭ್ರಮಿಸಿ ಕರೆಯುತ್ತಿದ್ದುದನ್ನು ಮಾತಾಡಿದೆವು, ನಕ್ಕೆವು ಕೂಡ. ಮಗಳ ಚಿತ್ರಾನ್ನವು ಇಬ್ಬರ ಪಾಲಿಗೆ ಸರಿಹೋಯಿತು.

ಮಧ್ಯಾಹ್ನ ಬೆಟ್ಟವನ್ನಿಳಿದು ಹಂಗಳಕ್ಕೆ ಬಂದು, ಊಟಿಯ ಕಡೆಗೆ ಹೋಗುವ ಬಸ್ಸನ್ನು ಹಿಡಿದು ಬಂಡೀಪುರಕ್ಕೆ ಹೊರಟೆವು. ಹುಲಿಯನ್ನು ಅರಸುವ ಉದ್ದೇಶ ನಮಗಿರಲಿಲ್ಲ. ಕಾಡಿನ ದಾರಿಯಲ್ಲಿ ಕಿಟಕಿಯ ಪಕ್ಕ ಕುಳಿತು ಹೋಗುವುದೇ ಸಾಕೆನಿಸಿತ್ತು. ಮೇಲುಕಾಮನಹಳ್ಳಿಯನ್ನು ದಾಟಿದ ಮೇಲೆ ಜಿಂಕೆಗಳ ಹಿಂಡುಗಳು, ನವಿಲುಗಳು, ಮರದಿಂದ ಮರಕ್ಕೆ ನೆಗೆಯುವ ಮುಸುವಗಳು. ಒಂದೆಡೆ ಬಸ್ಸು ಥಟ್ಟನೆ ನಿಂತಿತು. ಚಾಲಕನು ಇಂಜಿನನ್ನು ಆರಿಸಿದನು. ಎಡಗಡೆಯ ಬಿದಿರಿನಿಂದ ಮುದಿ ಹೆಣ್ಣಾನೆಯೊಂದು ರಸ್ತೆಗೆ ಬಂದು, ಸೊಂಡಿಲೆತ್ತಿ ಗಾಳಿಯನ್ನು ಮೂಸಿ, ನಿಧಾನವಾಗಿ ದಾಟಿತು. ಅದರ ಹಿಂದೆ ಐದಾರು ಆನೆಗಳು. ಅವುಗಳ ಕಾಲುಗಳ ನಡುವೆ ಒಂದು ಮರಿ. ಆನೆಯ ಹಿಂಡಿಗೆ ಯಜಮಾನಿಕೆ ಹಿರಿಯ ಹೆಣ್ಣಿನದು. ಎಲ್ಲಿ ನೀರು, ಎಲ್ಲಿ ಮೇವು, ಯಾವ ದಾರಿ ಎಂಬುದೆಲ್ಲ ಅವಳ ನೆನಪಿನಲ್ಲಿರುವುದು. "ಮುಂದೆ ಹೋದವರು ಅತ್ತೆಯವರು" ಎಂದು ಆಕೆ ಪಿಸುಗುಟ್ಟಿದಳು.

ಬಂಡೀಪುರದಲ್ಲಿ ಇಳಿದು ಚಹಾ ಕುಡಿಯುವಾಗ, ಅರಣ್ಯದ ಕಾವಲುಗಾರನೊಬ್ಬನೊಡನೆ ಮಾತಾಯಿತು. ಈ ಹೆದ್ದಾರಿಯಲ್ಲಿಯೂ ವಯನಾಡಿನ ಹೆದ್ದಾರಿಯಲ್ಲಿಯೂ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6ರವರೆಗೆ, ಆಂಬುಲೆನ್ಸು ಮತ್ತು ಕೆಲವೇ ಬಸ್ಸುಗಳ ಹೊರತು, ವಾಹನಗಳಿಗೆ ಪ್ರವೇಶವಿಲ್ಲ. ಅದಕ್ಕೆ ಮುಂಚೆ ರಾತ್ರಿಯ ದೀಪಗಳಿಗೆ ಕಣ್ಣು ಕುರುಡಾಗಿ ಚಕ್ರಗಳ ಕೆಳಗೆ ಸತ್ತ ಪ್ರಾಣಿಗಳು ಅನೇಕ. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡು ಈ ನಾಲ್ಕು ಕಾಡುಗಳೂ ಒಂದಕ್ಕೊಂದು ತಗುಲಿಕೊಂಡಿವೆ. ಮೇವಿಗೂ ನೀರಿಗೂ ಆನೆಗಳು ರಾಜ್ಯಗಳ ಗಡಿಯನ್ನೆಣಿಸದೆ ಒಂದರಿಂದ ಇನ್ನೊಂದಕ್ಕೆ ನಡೆಯುವುವು. ನಡುವಣ ದಾರಿಗಳನ್ನು ಮುಚ್ಚಿಬಿಟ್ಟರೆ ಪ್ರತಿಯೊಂದು ಕಾಡೂ ಒಂದೊಂದು ದ್ವೀಪವಾಗುವುದು. ದ್ವೀಪದಲ್ಲಿ ಸಿಕ್ಕಿಬಿದ್ದ ಪ್ರಾಣಿಗೆ ಬರಗಾಲದಲ್ಲಿ ಹೋಗಲು ಇನ್ನೊಂದೆಡೆಯಿಲ್ಲ; ಪೀಳಿಗೆಗಳು ಕಳೆದಂತೆ ಅದರ ಸಂತತಿಯೂ ಬಲಗುಂದುವುದು. ಇದನ್ನು ಕೇಳುತ್ತ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಹತ್ತು ಮಾರಿನ ಆ ಪಡಸಾಲೆಯು ಇಬ್ಬರ ಮನಸ್ಸಿಗೂ ಬಂದಿರಬೇಕು. ಒಂದು ದಿನದ ಮಟ್ಟಿಗೆ ದ್ವೀಪಕ್ಕೆ ಹೋಗಿ ಬರುವುದು ಸುಖ. ಅಲ್ಲಿಯೇ ಒಬ್ಬೊಬ್ಬರಾಗಿ ಉಳಿಯುವುದು ಸುಖವಲ್ಲ.

ಹೋಗಬಯಸುವ ವಾಚಕರಿಗೆ ಎರಡು ಮಾತು. ಬೆಟ್ಟದ ಮೇಲೆ ಸಂಜೆ 4 ಗಂಟೆಯ ತರುವಾಯ ಉಳಿಯಗೊಡುವುದಿಲ್ಲ. ಬೆಳಗ್ಗೆಯೇ ಹೊರಡುವುದು ಲೇಸು. ಬೇಸಗೆಯಲ್ಲೂ ಒಂದು ಶಾಲು ಇರಲಿ. ಕಾಡಿನ ದಾರಿಯಲ್ಲಿ ವಾಹನವನ್ನು ನಿಲ್ಲಿಸಿ ಇಳಿಯುವುದಾಗಲಿ, ಪ್ರಾಣಿಗಳಿಗೆ ತಿಂಡಿ ಎಸೆಯುವುದಾಗಲಿ, ಪ್ಲಾಸ್ಟಿಕ್ಕು ಬಿಸುಡುವುದಾಗಲಿ ಸಲ್ಲದು. ಬೆಂಕಿಯ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. 2019ರ ಫೆಬ್ರವರಿಯಲ್ಲಿ ಇದೇ ಬೆಟ್ಟದ ಸುತ್ತಮುತ್ತ ಸಾವಿರಾರು ಎಕರೆ ಕಾಡು ಸುಟ್ಟುಹೋದುದನ್ನು ಮರೆಯಬಾರದು.

ಹಿಂದಿರುಗುವಾಗ ಗುಂಡ್ಲುಪೇಟೆಯಲ್ಲಿ ಒಂದು ಮೊಳ ಚೆಂಡುಹೂವಿನ ಮಾಲೆಯನ್ನು ಕೊಂಡೆವು. ಬಸ್ಸಿನಲ್ಲಿ ಆಕೆ ನಮ್ಮ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಮೈಸೂರಿಗೆ ಬಂದು ಬೀಗ ತೆಗೆದಾಗ ರಾತ್ರಿ ಒಂಬತ್ತು ಗಂಟೆ. ಅಲ್ಲಿ ಕಾಡಿನ ಗೇಟು ಮುಚ್ಚಿ, ದಾರಿಯು ಅದರ ಒಡೆಯರಿಗೆ ಸೇರುವ ಹೊತ್ತು. ಆಕೆ ಮಾಲೆಯನ್ನು ತಾಯಿಯವರ ಪಟಕ್ಕೆ ಹಾಕಿದಳು.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಆಕೆ ಎದ್ದು ಆ ಕೋಣೆಯ ಬಾಗಿಲಿಗೆ ಹೋದಳು. ಪತ್ರಿಕೆಯನ್ನು ಮಡಿಸಿಟ್ಟು ನಾವೂ ಹೋದೆವು.