ಪುಟ 43ರಲ್ಲಿ ಇಡ್ಲಿ

ಈ ಕಡೆ ತಲೆ ಹಾಕಿ ತುಂಬಾ ದಿನ ಆಗಿತ್ತು. ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪ ಮತ್ತೆ ಅದೇ ಹಳೇ ಪ್ರಶ್ನೆ ಕೇಳಿದ್ರು. ಅದಕ್ಕೇ ಇದನ್ನ ಬರೀತಿದೀನಿ.

"ಅಲ್ಲ ಕಣೇ, ಬೆಂಗಳೂರು ಸೇರಿ ಇಪ್ಪತ್ತು ವರ್ಷ ಆಯ್ತು. ಆಫೀಸಲ್ಲಿ ನೀನು ಮಾಡೋದಾದ್ರೂ ಏನು?"

"ಟೆಕ್ನಿಕಲ್ ರೈಟರ್ ಚಿಕ್ಕಪ್ಪ. ಮೆಷೀನ್ ಜೊತೆ ಒಂದು ಪುಸ್ತಕ ಬರತ್ತಲ್ಲ, ಹೆಂಗೆ ಉಪಯೋಗಿಸೋದು ಅಂತ... ಅದನ್ನ ಬರೆಯೋರು ನಾವು."

"ಓ, ಮಿಕ್ಸಿ ಡಬ್ಬದಲ್ಲಿ ಇರೋದಾ? ಅದನ್ನ ಯಾರಾದ್ರೂ ಓದ್ತಾರಾ?"

ಚಿಕ್ಕಮ್ಮ ಒಳಗಿಂದ್ಲೇ "ನಮ್ಮದು ಅಟ್ಟದ ಮೇಲಿದೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಯಾರಾದ್ರೂ ಓದ್ತಾರಾ ಅನ್ನೋ ಆ ಪ್ರಶ್ನೆಗೆ ನನ್ನ ಹತ್ರ ಒಂದು ಉತ್ತರ ಇದೆ. ಅದು ಒಂದು ಸಾಲಲ್ಲಿ ಮುಗಿಯೋದಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ :-)

ಇದು 2014ರ ಮಾತು. ಆಗ ನಾನಿದ್ದ ಕಂಪನಿ ಇನ್‌ಫ್ಯೂಷನ್ ಪಂಪ್ ಮಾಡ್ತಿತ್ತು. ಆಸ್ಪತ್ರೆಯಲ್ಲಿ ನೋಡಿರ್ತೀರಿ, ಮಂಚದ ಪಕ್ಕ ಕಂಬಕ್ಕೆ ಸಿಕ್ಕಿಸಿರೋ ಸಣ್ಣ ಡಬ್ಬ. ಗಂಟೆಗೆ ಇಷ್ಟೇ ಮಿಲಿಲೀಟರ್ ಅಂತ ಲೆಕ್ಕ ಹಿಡಿದು ನಳಿಗೆಯಲ್ಲಿ ಔಷಧಿ ಬಿಡತ್ತೆ. ಹೊಸ ಮಾದರಿಯೊಂದು ತಯಾರಾಗ್ತಿತ್ತು. ಅದರ ಪುಸ್ತಕಗಳ ಹೊಣೆ ಮೊದಲ ಸಲ ನನ್ನ ಮೇಲೆ ಬಿತ್ತು. ಅಲ್ಲೀವರೆಗೆ ಯಾರೋ ಹೇಳಿದ್ದನ್ನ ಬರೀತಿದ್ದೆ, ಈ ಸಲ ಶುರುವಿಂದ ಬಿಡುಗಡೆವರೆಗೂ ನಾನೇ ನಡೆಸಬೇಕಿತ್ತು. ಕೈಕೆಳಗೆ ಇಬ್ಬರು ಹುಡುಗಿಯರು, ಇಬ್ಬರೂ ನನಗಿಂತ ಚುರುಕು.

ನಮ್ಮ ಕಸುಬಿನಲ್ಲಿ ಜೋಆನ್ ಹ್ಯಾಕೋಸ್ ಅನ್ನೋರ ಹೆಸರು ಎಲ್ಲರಿಗೂ ಗೊತ್ತು. 1994ರಲ್ಲಿ 'ಮ್ಯಾನೇಜಿಂಗ್ ಯುವರ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟ್ಸ್' ಅಂತ ದಪ್ಪ ಪುಸ್ತಕ ಬರೆದೋರು. ಅವರು ಕೆಲಸಾನ ಐದು ಹಂತ ಮಾಡ್ತಾರೆ. ಯಾರಿಗೆ ಏನು ಬೇಕು ಅಂತ ಯೋಚಿಸೋಕೆ ಒಟ್ಟು ಸಮಯದಲ್ಲಿ ನೂರಕ್ಕೆ 10 ಭಾಗ. ಯಾವ ಅಧ್ಯಾಯದಲ್ಲಿ ಏನು ಬರತ್ತೆ ಅಂತ ವಿವರವಾಗಿ ನಕ್ಷೆ ಹಾಕೋಕೆ 20. ಬರೆಯೋದು, ತಿದ್ದೋದು ಎಲ್ಲಾ ಸೇರಿ 50. ಅನುವಾದ, ಅಚ್ಚು ಇತ್ಯಾದಿಗೆ 19. ಎಲ್ಲಾ ಮುಗಿದ ಮೇಲೆ ಹೆಂಗಾಯ್ತು ಅಂತ ಹಿಂದಿರುಗಿ ನೋಡೋಕೆ ಉಳಿದ 1. ಬರೆಯೋದಕ್ಕೆ ಮುಂಚೆಯೇ ಮೂವತ್ತು ಭಾಗ ಖರ್ಚಾಗಬೇಕು ಅಂತ ಕೇಳಿದ್ರೆ ಎಂಥ ಮ್ಯಾನೇಜರೂ ಬೆಚ್ಚಿಬೀಳ್ತಾರೆ. "ಬರೆಯೋಕೆ ಶುರು ಮಾಡಿದ್ರಾ?" ಅನ್ನೋದು ಅವರು ಎರಡನೇ ದಿನವೇ ಕೇಳೋ ಪ್ರಶ್ನೆ.

ನಮ್ಮೂರಲ್ಲಿ ಮದುವೆ ಮನೆಗೆ ಬರೋ ಅಡಿಗೆ ಭಟ್ರು ಮೊದಲು ಕೇಳೋದು "ಎಷ್ಟು ಎಲೆ?" ಅಂತ. ಅದು ಗೊತ್ತಾಗದೆ ಒಂದು ಕಾಯೂ ಒಡೆಯಲ್ಲ. ನಾನೂ ಎಲೆ ಎಣಿಸಿದೆ. ನರ್ಸ್‌ಗಳಿಗೆ 180 ಪುಟದ ಪುಸ್ತಕ. ರಿಪೇರಿ ಮಾಡೋರಿಗೆ 90 ಪುಟದ್ದು. ಒಟ್ಟು 270. ಪುಟಕ್ಕೆ ಐದು ಗಂಟೆ ಅಂತ ಹಿಡಿದ್ರೆ 1350 ಗಂಟೆ. ಮೂರು ಜನ, ದಿನಕ್ಕೆ ತಲಾ ಆರು ಗಂಟೆ. ಅಲ್ಲಿಗೆ 75 ಕೆಲಸದ ದಿನ.

ಮ್ಯಾನೇಜರ್ ನೋಡಿ, "ದಿನಕ್ಕೆ ಎಂಟು ಗಂಟೆ ಅಲ್ವಾ ಆಫೀಸು? ಇನ್ನೆರಡು ಗಂಟೆ ಕಾಫಿ ಕುಡೀತೀರಾ?" ಅಂದ್ರು. ಮೀಟಿಂಗು, ಮೇಲ್, ಹಾಳಾದ ಪ್ರಿಂಟರು, ಇಂಜಿನಿಯರ್ ಸಿಗೋವರೆಗೆ ಅವನ ಕುರ್ಚಿ ಪಕ್ಕ ನಿಂತು ಕಾಯೋದು... ಎಲ್ಲಾ ವಿವರಿಸಿದೆ. ಅವರು ಕ್ಯಾಲ್ಕುಲೇಟರ್ ತೆಗೆದು 1350ನ್ನ 24ರಿಂದ ಭಾಗಿಸಿ 56 ದಿನ ಅಂತ ಬರೆದರು. ಹತ್ತೊಂಬತ್ತು ದಿನ ಹೋಯ್ತು. ಅದನ್ನ ಎಲ್ಲಿಂದ ಕತ್ತರಿಸ್ತೀಯ ಅನ್ನೋದನ್ನ ನನಗೇ ಬಿಟ್ಟರು. ನಾನು ಏನನ್ನ ಕತ್ತರಿಸಿದೆ ಅಂತ ಆಮೇಲೆ ಹೇಳ್ತೀನಿ. ಅದೇ ಈ ಕಥೆ.

ಒಂದು ದಿನ ಆಸ್ಪತ್ರೆಗೆ ಹೋಗಿ ನರ್ಸ್‌ಗಳನ್ನ ನೋಡಿ ಬರ್ತೀನಿ ಅಂತ ಕೇಳಿದ್ದೆ. ಒಪ್ಪಿಗೆ ಸಿಗಲಿಲ್ಲ. "ನರ್ಸ್ ಏನು ಮಾಡ್ತಾರೆ ಅಂತ ನಮಗೆ ಗೊತ್ತು" ಅಂದ್ರು ಇಂಜಿನಿಯರುಗಳು. ಪುಣ್ಯಕ್ಕೆ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ ಸ್ಟಾಫ್ ನರ್ಸ್, ಐಸಿಯುನಲ್ಲಿ ಕೆಲಸ. ಓಣಿಯವರೆಲ್ಲ ಸಿಸ್ಟರ್ ಅಂತಲೇ ಕರೀತಿದ್ರು. ಒಂದು ಭಾನುವಾರ ಚಹಾಕ್ಕೆ ಕರೆದು ಕೂರಿಸಿಕೊಂಡು, ಪಂಪಿನ ಪುಸ್ತಕ ಯಾವಾಗ ನೋಡ್ತೀರಿ ಅಂತ ಕೇಳಿದೆ.

"ಪುಸ್ತಕಾನಾ? ಬೀರು ಒಳಗಿರತ್ತೆ ಅಕ್ಕ. ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಹತ್ರ. ಅವರು ಸಂಜೆ ಮನೆಗೆ ಹೋಗ್ತಾರೆ."

"ರಾತ್ರಿ ಅಲಾರಂ ಆದ್ರೆ?"

"ಗೊತ್ತಿರೋರನ್ನ ಕೂಗ್ತೀವಿ. ಇಲ್ಲಾಂದ್ರೆ ಒಂದೊಂದೇ ಬಟನ್ ಒತ್ತಿ ನೋಡ್ತೀವಿ."

180 ಪುಟ ನನ್ನ ಕಣ್ಣೆದುರೇ ಬೀರು ಸೇರಿ ಬೀಗ ಬಿದ್ದಂಗಾಯ್ತು. ಮರುದಿನವೇ ಯೋಜನೆಗೆ ಇನ್ನೊಂದು ಐಟಂ ಸೇರಿಸಿದೆ. ಪಂಪಿನ ಕಂಬಕ್ಕೇ ನೇತುಹಾಕೋ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡು, ಎರಡೇ ಮಗ್ಗುಲು. ಅಲಾರಂ ಬಂದ್ರೆ ಏನು ಮಾಡಬೇಕು ಅನ್ನೋದು ಮಾತ್ರ ಅದರಲ್ಲಿ.

ಅಧ್ಯಾಯಗಳ ಕ್ರಮವನ್ನೂ ಬದಲಾಯಿಸಿದೆ. ಹಳೇ ಪುಸ್ತಕದಲ್ಲಿ ಮೆನು ಒಂದು, ಮೆನು ಎರಡು ಅಂತ ಪರದೆಯ ಪ್ರಕಾರ ಬರೆದಿದ್ರು. ನರ್ಸ್‌ಗೆ ಮೆನು ಯಾಕೆ ಬೇಕು? ಚೀಲ ಬದಲಿಸೋದು, ವೇಗ ಬದಲಿಸೋದು, ನಳಿಗೆಯಲ್ಲಿ ಗಾಳಿ ಬಂದ್ರೆ ತೆಗೆಯೋದು ಅಂತ ಕೆಲಸದ ಪ್ರಕಾರ ಜೋಡಿಸಿದೆವು. ಅಂಕಿ ಬರೆಯೋದರಲ್ಲೂ ನಿಯಮ ಇದೆ. 5.0 ಅಂತ ಬರೀಬಾರದು, ಚುಕ್ಕಿ ಕಾಣದಿದ್ರೆ ಅದು 50. ಬರೀ .5 ಅಂತಲೂ ಬರೀಬಾರದು, 0.5 ಅಂತಲೇ ಇರಬೇಕು. ಚುಕ್ಕಿ ತಪ್ಪಿದ್ರೆ ಹತ್ತು ಪಟ್ಟು ಔಷಧಿ.

ಎಚ್ಚರಿಕೆಗಳದ್ದು ಇನ್ನೊಂದು ಗಲಾಟೆ. ಐಎಸ್ಒ 14971 ಅಂತ ವೈದ್ಯಕೀಯ ಉಪಕರಣಗಳ ಅಪಾಯ ನಿಭಾಯಿಸೋ ಮಾನದಂಡ ಇದೆ. ಅದರ ಪ್ರಕಾರ ಅಪಾಯವನ್ನ ಮೊದಲು ವಿನ್ಯಾಸದಲ್ಲೇ ತೆಗೀಬೇಕು. ಆಗದಿದ್ರೆ ಅಲಾರಂ ಥರದ ರಕ್ಷಣೆ ಕೊಡಬೇಕು. ಬಳಸೋರಿಗೆ ಬರೆದು ತಿಳಿಸೋದು ಕೊಟ್ಟಕೊನೆಯ ದಾರಿ. ನಮ್ಮಲ್ಲಿ ಮಾತ್ರ ಎಲ್ಲರೂ ಕೊನೆಯ ದಾರಿಗೇ ಮೊದಲು ಓಡಿಬರ್ತಿದ್ರು. "ಮ್ಯಾನುಯಲ್‌ನಲ್ಲಿ ಒಂದು ವಾರ್ನಿಂಗ್ ಹಾಕಿಬಿಡಿ ಮೇಡಂ." ಪುಟಕ್ಕೆ ಐದು ವಾರ್ನಿಂಗ್ ಹಾಕಿದ್ರೆ ಯಾವುದನ್ನೂ ಯಾರೂ ಓದಲ್ಲ ಅಂತ ಜಗಳ ಆಡಿ ಆಡಿ ಅರ್ಧಕ್ಕಿಳಿಸಿದೆ.

ಇನ್ನು ರಿವ್ಯೂ! ಕರಡನ್ನ ಏಳು ಜನಕ್ಕೆ ಕಳಿಸಿದ್ರೆ ಏಳೂ ಕಡೆಯಿಂದ "ಲುಕ್ಸ್ ಗುಡ್" ಅಂತ ಎರಡೇ ಪದದ ಉತ್ತರ, ಅದೂ ಅರ್ಧ ಗಂಟೆಯಲ್ಲಿ. ನೂರೆಂಬತ್ತು ಪುಟ ಅರ್ಧ ಗಂಟೆಯಲ್ಲಿ! ಎರಡನೇ ಸುತ್ತಿನಲ್ಲಿ ನಮ್ಮ ಕಸುಬಿನ ಹಳೇ ಕುತಂತ್ರವೊಂದನ್ನ ಮಾಡಿದೆ. 43ನೇ ಪುಟದಲ್ಲಿ, ಪಂಪನ್ನ ಸ್ವಚ್ಛ ಮಾಡೋ ಭಾಗದಲ್ಲಿ, "ಪಂಪನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಚಟ್ನಿಯೊಡನೆ ಬಡಿಸಿ" ಅಂತ ಇಂಗ್ಲಿಷಿನಲ್ಲಿ ಸೇರಿಸಿದೆ. ಆಮೇಲೆ ತೆಗೆಯೋದು ಮರೆತರೆ ಏನಪ್ಪಾ ಗತಿ ಅಂತ ಮಾನಿಟರ್ ಮೇಲೆ ಹಳದಿ ಚೀಟಿ ಅಂಟಿಸಿಕೊಂಡೆ. ಆರು ಜನ ಲುಕ್ಸ್ ಗುಡ್. ಏಳನೆಯವನು ಟೆಸ್ಟಿಂಗ್‌ನಲ್ಲಿದ್ದ ಹುಬ್ಬಳ್ಳಿ ಹುಡುಗ. ಮಧ್ಯಾಹ್ನ ಫೋನ್ ಮಾಡಿ, ಒಂಚೂರೂ ನಗದೆ, "ಮೇಡಂ, 43ನೇ ಪುಟದಾಗ ಇಡ್ಲಿ ಸಿಕ್ತರಿ. ಸಾಂಬಾರ್ ಯಾವ ಪುಟದಾಗ ಐತ್ರಿ?" ಅಂದ.

ಆ ಸಾಲನ್ನ ತಕ್ಷಣ ಅಳಿಸಿದೆ. ಆಮೇಲಿಂದ ಮೇಲ್‌ನಲ್ಲಿ ರಿವ್ಯೂ ಕಳಿಸೋದೇ ಬಿಟ್ಟು, ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಸಾಲುಸಾಲಾಗಿ ಓದಿಸಿದೆ. ಬೈಕೊಂಡೇ ಬಂದ್ರು. ಆದ್ರೆ ತಪ್ಪುಗಳು ಸಿಕ್ಕವು.

ಇಷ್ಟೆಲ್ಲ ಮಾಡಿ 56 ದಿನಕ್ಕೆ ಹೊಂದಿಸಿದ್ದು ಹೆಂಗೆ? ಕೊನೆಯಲ್ಲಿ ಒಂದು ಕೆಲಸ ಇತ್ತು. ಗ್ರಾಹಕರಿಗೆ ಹೋಗೋ ಅದೇ ಸಾಫ್ಟ್‌ವೇರ್ ಇರೋ ಪಂಪನ್ನ ಮೇಜಿನ ಮೇಲಿಟ್ಟುಕೊಂಡು, ನಾವು ಬರೆದ ಪ್ರತಿ ಹಂತವನ್ನೂ ಕೈಯಾರೆ ಮಾಡಿ ನೋಡೋದು. ಅದನ್ನ ನಾನೇ ಹೊಡೆದುಹಾಕಿದ್ದೆ. "ಹೆಂಗೂ ಪರದೆ ಫ್ರೀಜ್ ಆಗಿದೆಯಲ್ಲ, ಇನ್ನೇನು ಬದಲಾಗತ್ತೆ" ಅಂತ. ಆ ಸಾಲಿನ ಮೇಲೆ ಗೆರೆ ಎಳೆದಿದ್ದು ಮ್ಯಾನೇಜರ್ ಅಲ್ಲ, ನನ್ನ ಕೈ.

ಪುಸ್ತಕ ಎಂಟು ಭಾಷೆಗೆ ಅನುವಾದಕ್ಕೆ ಹೋಯ್ತು. ಜರ್ಮನ್‌ನಲ್ಲಿ ವಾಕ್ಯಗಳು ಉದ್ದವಾಗಿ ಕಾರ್ಡಿನಿಂದ ಹೊರಗೆ ಚೆಲ್ಲಿದವು, ಅಲ್ಲಿ ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ, ಎಲ್ಲಾ ಸರಿ ಮಾಡಿ ಕಾರ್ಡುಗಳನ್ನ ಅಚ್ಚಿಗೆ ಕಳಿಸಿದೆವು. ಬಿಡುಗಡೆಗೆ ನಾಲ್ಕು ದಿನ ಇತ್ತು. ಆಗ ಹುಬ್ಬಳ್ಳಿ ಹುಡುಗನ ಫೋನು.

"ಮೇಡಂ, ಇಡ್ಲಿಗಿಂತ ದೊಡ್ಡದು ಸಿಕ್ಕೈತ್ರಿ. ಸ್ವಲ್ಪ ಲ್ಯಾಬಿಗೆ ಬರ್ರಿ."

ಹೋದೆ. ನಳಿಗೆ ಎಲ್ಲಾದ್ರೂ ಮಡಚಿಕೊಂಡ್ರೆ ಪಂಪ್ ನಿಂತು ಅಲಾರಂ ಹೊಡೆಯತ್ತೆ. ಮೊದಲಿನ ಸಾಫ್ಟ್‌ವೇರ್‌ನಲ್ಲಿ ಮಡಿಕೆ ಬಿಡಿಸಿದ ಕೂಡಲೇ ತಾನಾಗಿ ಮತ್ತೆ ಶುರುವಾಗ್ತಿತ್ತು. ಕಾರ್ಡಿನಲ್ಲಿ ನಾವು ಬರೆದಿದ್ದೂ ಅದೇ: "ಅಡಚಣೆ ತೆಗೆಯಿರಿ. ಪಂಪ್ ತಾನಾಗಿ ಮುಂದುವರಿಯುತ್ತದೆ." ಆದ್ರೆ ಕಟ್ಟಿಕೊಂಡಾಗ ನಳಿಗೆಯಲ್ಲಿ ಒತ್ತಡ ತುಂಬಿರತ್ತೆ. ಬಿಡಿಸಿದ ಕೂಡಲೇ ಅಲ್ಲಿದ್ದ ಔಷಧಿ ಒಮ್ಮೆಲೇ ಒಳಗೆ ನುಗ್ಗಬಹುದು. ಅದಕ್ಕೇ ಸುರಕ್ಷತೆಯವರು ಕೊನೆಗಳಿಗೆಯಲ್ಲಿ ಬದಲಾಯಿಸಿದ್ರು. ಒಳ್ಳೇ ಬದಲಾವಣೆ. ಈಗ ಪಂಪ್ ತಾನಾಗಿ ಶುರುವಾಗಲ್ಲ, ನರ್ಸ್ ನೋಡಿ ಸ್ಟಾರ್ಟ್ ಒತ್ತಬೇಕು. ಇದನ್ನ ನಮಗೆ ಮಾತ್ರ ಯಾರೂ ಹೇಳಿರಲಿಲ್ಲ. ಪಂಪ್ ಮೇಜಿನ ಮೇಲಿಟ್ಟುಕೊಂಡು ಒಂದು ಸಲ ನೋಡಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಮ್ಯಾನೇಜರ್ ಹತ್ರ ಓಡಿದೆ. ಅವರು ಶಾಂತವಾಗಿ, "ರಿಲೀಸ್ ನೋಟ್ಸ್‌ನಲ್ಲಿ ಒಂದು ಸಾಲು ಹಾಕಿ. ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ. ಒಂದೆರಡು ನಿಮಿಷಕ್ಕೆ ಪಂಪ್ ಮತ್ತೆ ಕೂಗತ್ತಲ್ಲ" ಅಂದ್ರು. ನಾನು ಏನಂದೆ ಗೊತ್ತಾ? "ಸರಿ ಸರ್" ಅಂದೆ. ಸಹಿ ಮಾಡಬೇಕಾದ ಹಾಳೆಯನ್ನ ಬ್ಯಾಗಿಗೆ ಹಾಕ್ಕೊಂಡು ಮನೆಗೆ ಬಂದೆ. ತಪ್ಪು ನನ್ನದೂ ಇತ್ತಲ್ಲ, ಅದು ಹಂಗೇ ಮುಚ್ಚಿಹೋದ್ರೆ ಸಾಕು ಅಂತ ಒಳಗೊಳಗೇ ಅನ್ನಿಸಿದ್ದು ನಿಜ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಾಲು ತಗೊಳ್ಳೋಕೆ ಬಾಗಿಲು ತೆಗೆದ್ರೆ ಸಿಸ್ಟರ್ ನೈಟ್ ಡ್ಯೂಟಿ ಮುಗಿಸಿ ಚಪ್ಪಲಿ ಎಳೀತಾ ಮೆಟ್ಟಿಲು ಹತ್ತುತ್ತಿದ್ದಳು. ತಡೆದು ಕೇಳಿಯೇಬಿಟ್ಟೆ. "ಕಾರ್ಡ್‌ನಲ್ಲಿ ತಾನಾಗಿ ಶುರುವಾಗತ್ತೆ ಅಂತ ಬರೆದಿದ್ರೆ, ನಿಂತು ನೋಡ್ತೀಯಾ?"

ಅವಳಿಗೆ ಕಣ್ಣು ಬಿಡೋಕೂ ಆಗ್ತಿರಲಿಲ್ಲ. "ಹನ್ನೆರಡು ಬೆಡ್ಡಿಗೆ ಮೂರು ಜನ ಇರ್ತೀವಿ ಅಕ್ಕ. ಬರೆದಿದ್ರೆ ನಂಬ್ತೀವಿ. ಮುಂದಿನ ಬೆಡ್ಡಿಗೆ ಹೋಗ್ತೀವಿ."

ಬರೆದಿದ್ರೆ ನಂಬ್ತೀವಿ. ಇಷ್ಟು ವರ್ಷ ಯಾರೂ ಓದಲ್ಲ ಅಂತ ಗೊಣಗಿಕೊಂಡಿದ್ದೆ. ಓದಿ ನಂಬಿಬಿಟ್ರೆ ಅಂತ ಒಂದು ದಿನವೂ ಹೆದರಿರಲಿಲ್ಲ.

ಅವತ್ತು ಸಹಿ ಮಾಡಲಿಲ್ಲ. ಕ್ವಾಲಿಟಿ ವಿಭಾಗದ ಮುಖ್ಯಸ್ಥರ ಹತ್ರ ಹೋಗಿ ಎಲ್ಲಾ ಹೇಳಿದೆ, ಕೊನೆಯ ಪರಿಶೀಲನೆ ಹೊಡೆದುಹಾಕಿದ್ದು ನಾನೇ ಅನ್ನೋದನ್ನೂ ಸೇರಿಸಿ. ಅವರು ಬೈಯಲಿಲ್ಲ. ಕಾರ್ಡನ್ನ ಎರಡು ಸಲ ಓದಿ, "ಅಚ್ಚು ನಿಲ್ಲಿಸಿ" ಅಂತ ಒಂದೇ ಮಾತು ಹೇಳಿದ್ರು. ಆಗಲೇ ಅಚ್ಚಾಗಿದ್ದ ಕಾರ್ಡುಗಳು ರದ್ದಿಗೆ ಹೋದವು. ಎಂಟು ಭಾಷೆಯಲ್ಲಿ ಒಂದು ಸಾಲು ಬದಲಾಯ್ತು. ನಾವು ಮೂವರೂ ಲ್ಯಾಬಿನಲ್ಲಿ ಕೂತು, ಹುಬ್ಬಳ್ಳಿ ಹುಡುಗನ ಜೊತೆ, ಪ್ರತಿ ಹಂತವನ್ನೂ ಮಾಡಿ ನೋಡಿದೆವು. ಇನ್ನೂ ನಾಲ್ಕು ಸಣ್ಣ ತಪ್ಪು ಸಿಕ್ಕವು. ಬಿಡುಗಡೆ ಹನ್ನೊಂದು ದಿನ ತಡವಾಯ್ತು.

ಆ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ "ಯೋಜನಾ ಸಾಮರ್ಥ್ಯ ಸುಧಾರಿಸಬೇಕು" ಅಂತ ಬರೆದ್ರು. ಆಗ ಉರಿದುಹೋಗಿತ್ತು. ಈಗ ಯೋಚಿಸಿದ್ರೆ, ಪೂರ್ತಿ ಸುಳ್ಳೇನಲ್ಲ. 75 ದಿನ ಅಂತ ಹೇಳಿದವಳು 75ಕ್ಕೇ ನಿಲ್ಲಬೇಕಿತ್ತು. ನೂರು ಎಲೆಯ ಊಟಕ್ಕೆ ಎಪ್ಪತ್ತೈದು ಎಲೆಯ ಅಕ್ಕಿ ಹಾಕಿ ಅಂದ್ರೆ ನಮ್ಮೂರ ಭಟ್ರು ಸೌಟು ಕೆಳಗಿಟ್ಟು ಎದ್ದುಹೋಗ್ತಿದ್ರು.

ಹ್ಯಾಕೋಸ್ ಹೇಳೋ ಆ ಕೊನೆಯ ಒಂದು ಭಾಗ, ಹಿಂದಿರುಗಿ ನೋಡೋದು, ಅದನ್ನ ನಾನು ಕೆಲಸ ಮಾಡಿದ ಯಾವ ಕಂಪನಿಯಲ್ಲೂ ಯಾರೂ ಮಾಡಿದ್ದು ನೋಡಿಲ್ಲ. ನನಗೆ ಅದು ಸಿಕ್ಕಿದ್ದು 2019ರಲ್ಲಿ, ಅಪ್ಪನನ್ನ ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದಾಗ. ಮಂಚದ ಪಕ್ಕ ಪಂಪ್ ಇತ್ತು. ನಮ್ಮದಲ್ಲ, ಬೇರೆ ಕಂಪನಿದು. ಅದರ ಮೈಮೇಲೆ ಬಿಳೀ ಪ್ಲಾಸ್ಟರ್ ತುಂಡು ಅಂಟಿಸಿ, ಯಾರೋ ಬಾಲ್‌ಪೆನ್ನಿನಲ್ಲಿ ದುಂಡಗೆ ಕನ್ನಡದಲ್ಲಿ ಬರೆದಿದ್ರು: "ಕೂಗಿದರೆ ಮೊದಲು ನಳಿಗೆ ನೋಡಿ. ಆಮೇಲೆ ಹಸಿರು ಬಟನ್."

ಎರಡೇ ಸಾಲು. ಅನುವಾದದ ಖರ್ಚಿಲ್ಲ, ರಿವ್ಯೂ ಇಲ್ಲ, ಬೀರು ಇಲ್ಲ, ಬೀಗ ಇಲ್ಲ. ಬರೆದವರು ಯಾರು ಅಂತ ಕೇಳಿದೆ. ಹಿಂದೆ ಇದ್ದ ಯಾವುದೋ ಸಿಸ್ಟರ್ ಅಂತೆ, ಈಗ ಕೆಲಸ ಬಿಟ್ಟಿದಾರಂತೆ. ಆ ರಾತ್ರಿ ಪಂಪ್ ಎರಡು ಸಲ ಕೂಗಿತು. ಎರಡು ಸಲವೂ ಡ್ಯೂಟಿಯಲ್ಲಿದ್ದ ಹುಡುಗಿ ಬಂದು, ಪ್ಲಾಸ್ಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ, ನಳಿಗೆ ಸರಿ ಮಾಡಿ, ಹಸಿರು ಬಟನ್ ಒತ್ತಿ ಹೋದಳು. ಅಪ್ಪ ಎಚ್ಚರ ಆಗಲೇ ಇಲ್ಲ.

ಈಗೀಗ ಮೊದಲ ಕರಡನ್ನ ಎಐ ಕ್ಷಣದಲ್ಲಿ ಬರೆದುಕೊಡತ್ತೆ, ಪುಟಕ್ಕೆ ಐದು ಗಂಟೆ ಅನ್ನೋ ಲೆಕ್ಕ ಹೊಸ ಹುಡುಗರಿಗೆ ತಮಾಷೆ ಅನ್ನಿಸತ್ತೆ. ಇರಲಿ. ಆದ್ರೆ ನಾನು ನಡೆಸೋ ಯಾವುದೇ ಪ್ರಾಜೆಕ್ಟಿನಲ್ಲಿ ಮೆಷೀನನ್ನ ಮೇಜಿನ ಮೇಲಿಟ್ಟು ಕೈಯಾರೆ ಮಾಡಿ ನೋಡೋ ಆ ದಿನಗಳನ್ನ ಮಾತ್ರ ಯಾರಿಗೂ ಮುಟ್ಟೋಕೆ ಬಿಡಲ್ಲ.

ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಟೈಪಿಂಗ್ ಅಲ್ಲ ಅನ್ನು" ಅಂದ್ರು. ಇಷ್ಟು ವರ್ಷಕ್ಕೆ ಅಷ್ಟು ಸಿಕ್ಕಿದ್ದೇ ದೊಡ್ಡದು :-)

ಚಿಕ್ಕಮ್ಮನ ಮಿಕ್ಸಿ ಪುಸ್ತಕ ಇನ್ನೂ ಅಟ್ಟದ ಮೇಲೇ ಇದೆ. ನಿಮ್ಮನೇದು ಎಲ್ಲಿದೆ?